ಜೆ.ಸಿ. ರೋಡಿನಿಂದ ಮೂಡಿಗೆರೆಗೆ ಐದು ಬಲ್ಬು

ಬೆಂಗಳೂರಿನ ಟೌನ್‌ಹಾಲ್ ಕಡೆಯಿಂದ ಮಿನರ್ವ ಸರ್ಕಲ್ ಕಡೆಗೆ ನಡೆದರೆ, ರವೀಂದ್ರ ಕಲಾಕ್ಷೇತ್ರ ದಾಟಿದ ಮೇಲೆ ರಸ್ತೆಯ ವಾಸನೆಯೇ ಬದಲಾಗುತ್ತದೆ. ರಬ್ಬರ್, ಗ್ರೀಸ್, ಹೊಸ ರೆಕ್ಸಿನ್. ಕಾಗದದ ಮೇಲೆ ಇದು ಜಯಚಾಮರಾಜೇಂದ್ರ ರಸ್ತೆ, ಜನರ ಬಾಯಲ್ಲಿ ಬರೀ ಜೆ.ಸಿ. ರೋಡ್. ಬ್ರೇಕಿನ ಸಾಮಾನು ಒಂದು ಅಂಗಡಿಯಲ್ಲಿ, ಬೇರಿಂಗ್ ಇನ್ನೊಂದರಲ್ಲಿ, ಗಾಜು ಮತ್ತೊಂದರಲ್ಲಿ. ಫುಟ್‌ಪಾತ್ ಮೇಲೆ ಕಾಲಿಟ್ಟರೆ ಸಾಕು, ‘ಯಾವ ಗಾಡಿ ಮೇಡಂ?’ ಎಂಬ ಪ್ರಶ್ನೆ ನಿಮ್ಮ ಹಿಂದೆಯೇ ಬರುತ್ತದೆ. ಸೀಟ್ ಕವರ್ ಬೇಡ, ಮ್ಯಾಟ್ ಬೇಡ, ಹಳೇ ಜೀಪ್ ಪಿಕಪ್ಪಿನ ಡ್ಯಾಶ್‌ಬೋರ್ಡಿಗೆ ದೀಪ ಬೇಕು ಎಂದಾಗ ಮಾತ್ರ ಕರೆಯುವವರು ಒಂದು ಕ್ಷಣ ಸುಮ್ಮನಾಗಿ, ‘ಹಿಂದಿನ ಗಲ್ಲಿಗೆ ಹೋಗಿ’ ಎನ್ನುತ್ತಾರೆ.

ಆ ಪಿಕಪ್ ಇರುವುದು ಮೂಡಿಗೆರೆಯ ನಮ್ಮ ತೋಟದಲ್ಲಿ. ಮಲೆನಾಡಿನಲ್ಲಿ ಜೀಪ್ ಎಂದರೆ ಬರೀ ವಾಹನವಲ್ಲ, ಮನೆಯ ಒಬ್ಬ ಆಳು. ಸ್ವಾತಂತ್ರ್ಯ ಬಂದ ಆಸುಪಾಸಿನ ವರ್ಷಗಳಲ್ಲಿ ಮಹೀಂದ್ರದವರು ಅಮೆರಿಕದ ವಿಲ್ಲೀಸ್ ಜೀಪನ್ನು ಇಲ್ಲಿ ಜೋಡಿಸಲು ಶುರುಮಾಡಿದರು. ಆಮೇಲೆ ಬಂದ ಎತ್ತರ ಮೂತಿಯ ಜೀಪುಗಳು ಕಾಫಿ ತೋಟಗಳ ಕೆಸರಿಗೆ ಹೇಳಿ ಮಾಡಿಸಿದ ಹಾಗಿದ್ದವು. ನಮ್ಮದು ಅದೇ ವಂಶದ್ದು, ಹಿಂದೆ ತೊಟ್ಟಿ ಇರುವ ಪಿಕಪ್. ಕಾಫಿ ಮೂಟೆ, ಗೊಬ್ಬರ, ಸೌದೆ, ಒಮ್ಮೊಮ್ಮೆ ಮದುವೆ ದಿಬ್ಬಣ, ಎಲ್ಲವನ್ನೂ ಹೊತ್ತಿದೆ.

ಅದರ ಡ್ಯಾಶ್‌ಬೋರ್ಡಿನಲ್ಲಿ ಐದು ಗಡಿಯಾರಗಳಿವೆ: ಸ್ಪೀಡು, ಡೀಸೆಲ್, ಆಯಿಲ್ ಪ್ರೆಶರ್, ಇಂಜಿನ್ ಬಿಸಿ, ಬ್ಯಾಟರಿಯ ಆಂಪಿಯರ್. ಅವುಗಳ ದೀಪದ ವೈರನ್ನು ಇಲಿ ಕಡಿದು ಎಷ್ಟು ವರ್ಷವಾಯಿತೋ. ಅಪ್ಪನಿಗೆ ಅದರ ಅಗತ್ಯವೇ ಬಿದ್ದಿರಲಿಲ್ಲ. ‘ನಲವತ್ತು ವರ್ಷದಿಂದ ಓಡಿಸ್ತಿದೀನಿ ಮಾರಾಯ್ತಿ, ಗಾಡಿ ಏನು ಹೇಳ್ತದೆ ಅಂತ ನಂಗೆ ಕೇಳ್ತದೆ’ ಅನ್ನುತ್ತಿದ್ದರು. ನಿಜ. ಗೇರಿನ ಗೊಣಗಾಟ, ಬೆಲ್ಟಿನ ಕೀರಲು, ಎಲ್ಲ ಕಿವಿಯಲ್ಲೇ ಲೆಕ್ಕ.

ಆದರೆ ಎರಡು ವರ್ಷದಿಂದ ಟಿ.ವಿ. ಜೋರಾಗುತ್ತಿದೆ. ಅಂಗಳದಿಂದ ಕರೆದರೆ ತಿರುಗುವುದಿಲ್ಲ. ಕಿವಿ ಡಾಕ್ಟರ ಮಾತೆತ್ತಿದರೆ, ‘ನೀವೆಲ್ಲ ಬಾಯೊಳಗೇ ಮಾತಾಡ್ತೀರಿ’ ಎಂಬ ಉತ್ತರ. ಗಾಡಿ ಬಿಡಿಸುವ ಧೈರ್ಯ ಮನೆಯಲ್ಲಿ ಯಾರಿಗೂ ಇಲ್ಲ. ಬಿಡಿಸಿದರೆ ಅಪ್ಪನ ಅರ್ಧ ದಿನವೇ ಖಾಲಿ. ಕಿವಿ ಮಾಡುತ್ತಿದ್ದ ಕೆಲಸವನ್ನು ಕಣ್ಣಿಗೆ ವಹಿಸೋಣ ಅಂತ ನನಗೆ ಅನ್ನಿಸಿತು. ಅಪ್ಪನಿಗೆ ಹೇಳಿದ್ದು ಮಾತ್ರ, ‘ಹಳೇ ಗಾಡಿ, ದೀಪ ಹಾಕಿದ್ರೆ ಚೆಂದ ಕಾಣ್ತದೆ’ ಅಂತ.

ಗಲ್ಲಿಯ ಅಂಗಡಿಯವರು ನಾನು ಫೋನಿನಲ್ಲಿ ತೋರಿಸಿದ ಚಿತ್ರ ನೋಡಿ ಮೊದಲು ಕೇಳಿದ್ದು, ‘ಬ್ಯಾಟರಿ ಆರು ವೋಲ್ಟಾ, ಹನ್ನೆರಡಾ?’ ಮೊದಮೊದಲ ಜೀಪುಗಳು 6 ವೋಲ್ಟಿನವಂತೆ. ಅದಕ್ಕೆ 12 ವೋಲ್ಟಿನ ಬಲ್ಬು ಹಾಕಿದರೆ ಮಿಣುಕು ಹುಳದಷ್ಟೂ ಬೆಳಕಿಲ್ಲ, 12 ವೋಲ್ಟಿಗೆ 6ರ ಬಲ್ಬು ಹಾಕಿದರೆ ಸುಟ್ಟೇ ಹೋಗುತ್ತದೆ. ನಮ್ಮದು 12. ಅದುಮಿ ತಿರುಗಿಸಿ ಕೂರಿಸುವ 2 ವ್ಯಾಟಿನ ಐದು ಬಲ್ಬು, ಹೋಲ್ಡರು, ವೈರು, ಒಂದು ಫ್ಯೂಸ್, ಬೆಳಕು ಹೆಚ್ಚುಕಡಿಮೆ ಮಾಡುವ ಒಂದು ಗುಬಟು. ಎಲ್‌ಇಡಿ ಕೇಳಿದೆ. ‘ನೀಲಿ ಬಿಳಿ ಬೇಡ ಮೇಡಂ. ಮಂಜಿರೋ ಊರು ಅಂತೀರಿ, ಗಾಜಿನ ಮೇಲೆ ಬಿದ್ದು ರಸ್ತೆನೇ ಕಾಣಲ್ಲ’ ಅಂದರು. ಕತ್ತಲೆಗೆ ಕಣ್ಣು ಪೂರ್ತಿ ಒಗ್ಗಲು ಅರ್ಧ ಗಂಟೆಯಾದರೂ ಬೇಕು. ಎದುರಿಗೇ ಬಿಳಿ ಬೆಳಕು ಹೊಳೆದರೆ ಅದು ಕ್ಷಣದಲ್ಲಿ ಕೆಡುತ್ತದೆ. ಹಳದಿಯ ಮಂದ ಬೆಳಕೇ ಸರಿ.

ಹಾಸನ, ಬೇಲೂರು ದಾಟಿ ಮೂಡಿಗೆರೆ ಸೇರುವಷ್ಟರಲ್ಲಿ ಬೀದಿದೀಪಗಳು ಒಂದೊಂದಾಗಿ ಹಿಂದೆ ಉಳಿಯುತ್ತವೆ. ಊರು ದಾಟಿದರೆ ಸಿಲ್ವರ್ ಓಕ್ ಮರಗಳ ನಡುವೆ ಅಪ್ಪಟ ಕತ್ತಲೆ. ಈ ಕತ್ತಲೆಯಲ್ಲೇ ಅಪ್ಪ ಇಷ್ಟು ವರ್ಷ ಮೀಟರು ನೋಡದೆ ಓಡಿಸಿದ್ದಾರೆ.

ಮರುದಿನ ಹ್ಯಾಂಡ್‌ಪೋಸ್ಟ್ ಹತ್ತಿರದ ಆಟೋ ಎಲೆಕ್ಟ್ರಿಷಿಯನ್ ಮನೆಗೇ ಬಂದ. ಮೊದಲು ಬ್ಯಾಟರಿಯ ಟರ್ಮಿನಲ್ ಬಿಚ್ಚಿದ. ಇಲಿ ಕಡಿದ ವೈರನ್ನು ಗಂಟು ಹಾಕದೆ ಪೂರ್ತಿ ಕಿತ್ತು ಹೊಸತು ಎಳೆದ. ಪಾರ್ಕಿಂಗ್ ಲೈಟಿನ ಸ್ವಿಚ್ಚಿನಿಂದಲೇ ಕರೆಂಟು ಕೊಟ್ಟ. ಹೊರಗಿನ ದೀಪ ಹೊತ್ತಿದರೆ ಒಳಗಿನದೂ ಹೊತ್ತಬೇಕು, ಬೇರೆ ಸ್ವಿಚ್ ಯಾಕೆ? ತಗಡಿನ ತೂತಿನಲ್ಲಿ ವೈರು ಉಜ್ಜಿ ಶಾರ್ಟ್ ಆಗದಿರಲು ರಬ್ಬರ್ ಬುಷ್ ತೂರಿಸಿದ. ಆದರೂ ಎರಡು ಬಲ್ಬು ಮಂಕು. ‘ಅರ್ತ್ ಸಿಗ್ತಿಲ್ಲ ಗೌಡ್ರೆ, ತುಕ್ಕು’ ಎಂದು ಉಪ್ಪುಕಾಗದದಿಂದ ತಗಡನ್ನು ಹೊಳೆಯುವಷ್ಟು ಉಜ್ಜಿದ. ಐದೂ ಹೊತ್ತಿದವು. ಐದೂ ಸೇರಿ ಹತ್ತು ವ್ಯಾಟ್, ಒಂದು ಆಂಪಿಯರೂ ಇಲ್ಲ. ಅಪ್ಪ ನೋಡಿ, ‘ಸಿನಿಮಾ ಟಾಕೀಸ್ ಆಯ್ತಲ್ಲ’ ಅಂದು ಗುಬಟು ತಿರುಗಿಸಿ ಬೆಳಕು ಇಳಿಸಿದರು.

ಎರಡು ದಿನ ಬಿಟ್ಟು ಉಜಿರೆಯ ಅತ್ತೆ ಮನೆಗೆ ಕಿತ್ತಳೆ ಕೊಟ್ಟು, ತೆಂಗಿನಕಾಯಿ ಹೇರಿಕೊಂಡು ರಾತ್ರಿ ಚಾರ್ಮಾಡಿ ಘಾಟಿ ಹತ್ತುತ್ತಿದ್ದೆವು. ಡಿಸೆಂಬರಿನ ಮಂಜು. ತಿರುವಿನ ಮೇಲೆ ತಿರುವು. ಎಲ್ಲಿಂದಲೋ ಸಣ್ಣಗೆ ಕೀರ್ ಕೀರ್ ಸದ್ದು ಶುರುವಾಯಿತು. ನಾನು ಅಪ್ಪನ ಮುಖ ನೋಡಿದೆ. ಅವರಿಗೆ ಕೇಳಿಸಿದ ಲಕ್ಷಣವಿಲ್ಲ. ಹೇಗೆ ಹೇಳಲಿ ಅಂತ ಯೋಚಿಸುವಷ್ಟರಲ್ಲಿ ಅವರೇ ಗಾಡಿ ನಿಧಾನ ಮಾಡಿ, ಅಗಲ ಜಾಗ ನೋಡಿ ಪಕ್ಕಕ್ಕೆ ನಿಲ್ಲಿಸಿದರು.

‘ಆಂಪಿಯರ್ ಮುಳ್ಳು ಮೈನಸ್ಸಿಗೆ ಬಿದ್ದಿದೆ. ಬಿಸಿನೂ ಏರ್ತಿದೆ. ಬೆಲ್ಟ್ ಸಡ್ಲ ಆಗಿರ್ಬೇಕು.’

ಡೈನಮೋ ತಿರುಗಿಸುವುದೂ, ಇಂಜಿನ್ ತಂಪು ಮಾಡುವ ನೀರಿನ ಪಂಪನ್ನೂ ಫ್ಯಾನನ್ನೂ ತಿರುಗಿಸುವುದೂ ಅದೇ ಬೆಲ್ಟು. ಹೆಡ್‌ಲೈಟ್ ಎರಡೂ ಹೊತ್ತಿರುವಾಗ ಹೊರೆ ಜಾಸ್ತಿ, ಸಡಿಲ ಬೆಲ್ಟು ಜಾರುತ್ತದೆ. ಹಾಗೇ ಹತ್ತಿದ್ದರೆ ಅರ್ಧ ಘಾಟಿಯಲ್ಲಿ ಇಂಜಿನ್ ಕುದಿಯುತ್ತಿತ್ತು, ಆಮೇಲೆ ಬ್ಯಾಟರಿಯೂ ಕೂರುತ್ತಿತ್ತು. ನಾನು ಟಾರ್ಚ್ ಹಿಡಿದೆ. ಇಂಜಿನ್ ಆರಿಸಿ, ತಣ್ಣಗಾಗಲು ಬಿಟ್ಟು, ಡೈನಮೋದ ಬೋಲ್ಟು ಸಡಿಲಿಸಿ, ಜಾಕಿಯ ಸರಳಿನಿಂದ ಅದನ್ನು ಹೊರಕ್ಕೆ ಮೀಟಿ ಬಿಗಿ ಮಾಡಿದರು. ಹೆಬ್ಬೆರಳಿನಿಂದ ಬೆಲ್ಟ್ ಒತ್ತಿ ನೋಡಿ, ‘ಅರ್ಧ ಇಂಚು ಬಗ್ಗಿದ್ರೆ ಸಾಕು’ ಅಂದರು. ಮತ್ತೆ ಗಾಡಿ ಹೊರಟಾಗ ಮುಳ್ಳು ಪ್ಲಸ್ಸಿನ ಕಡೆಗೆ ಸರಿದು ನಿಂತಿತು. ಮಂದ ಹಳದಿ ಬೆಳಕಿನಲ್ಲಿ ಅಪ್ಪನ ಕಣ್ಣು ರಸ್ತೆಗೂ ಮುಳ್ಳಿಗೂ ಓಡಾಡುತ್ತಿತ್ತು. ಕೊಟ್ಟಿಗೆಹಾರದಲ್ಲಿ ನಿಲ್ಲಿಸಿ ಬಿಸಿ ನೀರುದೋಸೆ ತಿಂದೆವು. ಸದ್ದಿನ ಮಾತು ನಾನೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ.

ಮನೆಯಲ್ಲಿ ಹಳೆಯ ಗಾಡಿಯೂ ಅದನ್ನು ಬಿಡಲೊಲ್ಲದ ಹಿರಿಯರೂ ಇದ್ದರೆ, ಪಾಲಿಶ್ ಮಾಡಿಸುವ ಮುಂಚೆ ರಾತ್ರಿ ಒಮ್ಮೆ ಪಕ್ಕದ ಸೀಟಿನಲ್ಲಿ ಕೂತು ಡ್ಯಾಶ್‌ಬೋರ್ಡ್ ನೋಡಿ. ಕಾಣದಿದ್ದರೆ ಒಂದು ದಿನದ ಕೆಲಸವಷ್ಟೇ. ಕಿವಿಯ ವಿಚಾರ ಇನ್ನೂ ಬಾಕಿಯಿದೆ, ಅದನ್ನು ಅಮ್ಮನಿಗೆ ಒಪ್ಪಿಸಿದ್ದೇನೆ.

ಹೋದ ವಾರ ಅಪ್ಪ ಫೋನ್ ಮಾಡಿದ್ದರು. ಪಕ್ಕದ ತೋಟದವರ ಜೀಪಿಗೂ ದೀಪ ಬೇಕಂತೆ. ‘ಹಳದಿನೇ ತಾ. ಬಿಳೀದು ಬೇಡ, ಕಣ್ಣಿಗೆ ಹೊಡೀತದೆ’ ಅಂದರು. ಆಗಲಿ ಅಂತ ನಾನು ಎರಡು ಸಲ, ಜೋರಾಗಿ ಹೇಳಿದೆ.