ಚುಕ್ಕೆ ಉದುರಿದ ದಿನ

ಟಾರ್ಚನ್ನು ನೇರಕ್ಕೆ ಹಿಡಿಯಬೇಡಿ, ಗಾಜಿನ ಮೇಲೆ ನಿಮ್ಮ ಮುಖವೇ ಕಾಣುತ್ತದೆ. ಪಕ್ಕಕ್ಕೆ ಸರಿದು, ಬೆಳಕು ಮೀನಿನ ಮೈಯನ್ನು ಅಡ್ಡಡ್ಡ ಸವರುವಂತೆ ಹಿಡಿಯಿರಿ. ಈಗ ಕಾಣಿಸಿತೇ?

ಸಂಕ್ರಾಂತಿ ಕಳೆದು ವಾರವಾಗಿದೆ. ಹೊಳಲಿನಲ್ಲಿ ಬೆಳಗಿನ ಆರು ಗಂಟೆ. ಬಿಳಿಜೋಳದ ಹೊಲಗಳ ಕಡೆಯಿಂದ ಚಳಿಗಾಳಿ ಬೀಸುತ್ತಿದೆ. ಡೈರಿಗೆ ಹೊರಟ ಬೈಕಿನಲ್ಲಿ ಹಾಲಿನ ಕ್ಯಾನುಗಳು ಒಂದಕ್ಕೊಂದು ಬಡಿಯುತ್ತಿವೆ. ನೀವು ಪಡಸಾಲೆಯಲ್ಲಿ, ಗೋಡೆಗೆ ಆನಿಸಿದ ಮೇಜಿನ ಮುಂದೆ ಮಂಡಿಯೂರಿದ್ದೀರಿ. ಮೇಜಿನ ಮೇಲೆ ಒಂದೂವರೆ ಅಡಿ ಉದ್ದದ ಗಾಜಿನ ತೊಟ್ಟಿ, ಅದರಲ್ಲಿ ಒಂದೇ ಒಂದು ಗೋಲ್ಡ್‌ಫಿಶ್. ನಿಮ್ಮ ಭುಜಕ್ಕೆ ಗದ್ದ ಊರಿಕೊಂಡು ಅಣ್ಣನ ಮಗಳು ನಿಂತಿದ್ದಾಳೆ. ಎಂಟನೇ ಕ್ಲಾಸು. ರಾತ್ರಿ ಸರಿಯಾಗಿ ಮಲಗಿಲ್ಲ.

“ನೋಡ್ ಕಾಕಾ, ಮತ್ತ ತಿಕ್ಕ್ಯಾಡಾಕತ್ತೈತಿ.”

ಮೀನು ತಳದ ಕಲ್ಲುಗಳ ಕಡೆಗೆ ವಾಲುತ್ತದೆ, ಥಟ್ಟನೆ ಒಂದು ಮಗ್ಗುಲು ಉಜ್ಜುತ್ತದೆ, ಬೆಚ್ಚಿ ಮೇಲಕ್ಕೆ ಚಿಮ್ಮುತ್ತದೆ. ಬೆನ್ನಿನ ರೆಕ್ಕೆ ಬಿಚ್ಚಿಲ್ಲ, ಮೈಗೆ ಅಂಟಿಕೊಂಡಿದೆ. ಕಿವಿರಿನ ಮುಚ್ಚಳ ಎಂದಿಗಿಂತ ಬೇಗ ಬೇಗ ಆಡುತ್ತಿದೆ. ಬಾಲದ ಮೇಲೆ, ಯಾರೋ ಸಣ್ಣ ರವೆ ಉದುರಿಸಿದ ಹಾಗೆ, ಬಿಳಿ ಚುಕ್ಕೆಗಳು.

ತಡೆಯಿರಿ. ಚುಕ್ಕೆ ಕಂಡ ಕೂಡಲೇ ಔಷಧಿಗೆ ಓಡಬಾರದು. ಗಂಡು ಗೋಲ್ಡ್‌ಫಿಶ್‌ಗೆ ಪ್ರಾಯ ಬಂದು ಮರಿ ಮಾಡುವ ಕಾಲ ಬಂದಾಗಲೂ ಬಿಳಿ ಚುಕ್ಕೆ ಏಳುತ್ತವೆ. ಆದರೆ ಅವು ಎಲ್ಲೆಂದರಲ್ಲಿ ಏಳುವುದಿಲ್ಲ. ಕಿವಿರಿನ ಮುಚ್ಚಳದ ಮೇಲೆ, ಎದೆ ಪಕ್ಕದ ರೆಕ್ಕೆಗಳ ಮುಂದಿನ ಅಂಚಿನ ಮೇಲೆ, ಸಾಲು ಹಿಡಿದು ಕೂತಿರುತ್ತವೆ. ಅದು ರೋಗವಲ್ಲ. ಅದನ್ನು ರೋಗವೆಂದು ತಿಳಿದು ಔಷಧಿ ಸುರಿದು ಎಷ್ಟು ಆರೋಗ್ಯದ ಮೀನುಗಳು ಸತ್ತಿವೆಯೋ! ನೀವು ಟಾರ್ಚನ್ನು ಬಾಲದಿಂದ ತಲೆಯವರೆಗೆ ನಿಧಾನವಾಗಿ ತರುತ್ತೀರಿ. ಬಾಲದಲ್ಲಿವೆ, ಬೆನ್ನಿನ ಮೇಲಿವೆ, ಕಣ್ಣಿನ ಹತ್ತಿರವೂ ಒಂದು. ಸಾಲಿಲ್ಲ, ಕ್ರಮವಿಲ್ಲ. ಇದು ಪ್ರಾಯದ ಗುರುತಲ್ಲ.

ಮೀನುಹೇನು ಇರಬಹುದೇ? ಕೆರೆಯಲ್ಲಿ ಮೀನು ಸಾಕುವವರಿಗೆ ಅದು ಗೊತ್ತಿರುವ ಪೀಡೆ: ಚಪ್ಪಟೆ, ಗುಂಡಗೆ, ಬರಿಗಣ್ಣಿಗೆ ಕಾಣುವಷ್ಟು ದೊಡ್ಡದು, ಮೀನಿನ ಮೈಮೇಲೆ ಹರಿದಾಡುತ್ತದೆ. ಅಂಥದ್ದು ಕಾಣಿಸಲಿಲ್ಲ. ಮೈಯಿಂದ ದಾರದ ತುಂಡಿನಂತೆ ಹೊರಚಾಚುವ ಕೊಕ್ಕೆಹುಳುವೂ ಇಲ್ಲ. ಉಳಿದದ್ದು ಬಿಳಿಚುಕ್ಕೆ ರೋಗ, ಅಕ್ವೇರಿಯಂ ಅಂಗಡಿಯವರ ಬಾಯಲ್ಲಿ ‘ಇಕ್’. ಸಂಕ್ರಾಂತಿಗೆ ಮುಂಚೆ ದಾವಣಗೆರೆಯಿಂದ ಜೊತೆಗೆಂದು ಬಂದಿದ್ದ ಸಣ್ಣ ಮೀನು ಮೂರೇ ದಿನಕ್ಕೆ ಸತ್ತಿತ್ತು. ಬಂದದ್ದು ಅದರ ಜೊತೆಯಲ್ಲೇ ಇರಬೇಕು.

“ಅರಿಶಿಣ ಹಾಕ್ರೋ,” ಒಲೆ ಮುಂದಿನಿಂದ ಅವ್ವನ ದನಿ. “ಎತ್ತಿನ ಹೆಗಲು ಹುಣ್ಣಾದ್ರ ಅರಿಶಿಣಾನ ಹಚ್ಚೂದಲ್ಲೇನು?”

ಹಚ್ಚುವುದು ಬೇರೆ, ಮೀನು ಉಸಿರಾಡುವ ನೀರಿಗೇ ಬೆರೆಸುವುದು ಬೇರೆ. ಎಷ್ಟು ಹಾಕಬೇಕೆಂಬ ಅಳತೆಯೂ ನಿಮ್ಮ ಕೈಯಲ್ಲಿಲ್ಲ. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಹೇಳುತ್ತಾಳೆ: “ಹಂಗಾರ ಹೊಳಿಗೆ ಬಿಟ್ಟು ಬರ್ರಿ. ಗಂಗವ್ವ ನೋಡ್ಕೊಂತಾಳ.”

ಇದನ್ನು ಕರುಣೆಯಿಂದಲೇ ಹೇಳಿದ್ದಾಳೆ. ಹೊಳೆ ಇಲ್ಲಿಂದ ದೂರವೂ ಇಲ್ಲ. ಆದರೆ ಹಾಗೆ ಮಾಡಲೇಬಾರದು. ಗೋಲ್ಡ್‌ಫಿಶ್ ಚೀನಾದಲ್ಲಿ ಸಾವಿರ ವರ್ಷದ ಹಿಂದಿನಿಂದ ಸಾಕುತ್ತ ಬಂದ ಮೀನು, ಗೆಂಡೆಯ ನೆಂಟ. ತುಂಗಭದ್ರೆಗೆ ಅದು ಪರಕೀಯ. ಅದರ ಮೈಮೇಲಿನ ಪರೋಪಜೀವಿಗೆ ಹೊಳೆಯ ಮೀನೂ ಒಂದೇ, ತೊಟ್ಟಿಯ ಮೀನೂ ಒಂದೇ. ಹೊಳೆಯ ಮೀನನ್ನು ನಂಬಿ ಬದುಕುವ ಮನೆಗಳು ಈ ದಂಡೆಯುದ್ದಕ್ಕೂ ಇವೆ. ಕಾಯಿಲೆಯ ಮೀನನ್ನು ಹೊಳೆಗೆ ಬಿಡುವುದು ಪುಣ್ಯವಲ್ಲ, ನಮ್ಮ ಮನೆಯ ರೋಗವನ್ನು ಅವರ ಬಲೆಗೆ ಹಾಕುವುದು.

ಮೊದಲ ಕೆಲಸ ನೀರು. ಮೀನಿನ ವಿಸರ್ಜನೆಯಿಂದ ಏಳುವ ಅಮೋನಿಯಾ ಕಿವಿರನ್ನು ಸುಟ್ಟರೂ ಮೀನು ಹೀಗೇ ಮೈ ಉಜ್ಜುತ್ತದೆ, ಹೀಗೇ ಏದುಸಿರು ಬಿಡುತ್ತದೆ. ರೋಗ ಯಾವುದೇ ಇರಲಿ, ನೀರು ಬದಲಿಸಿದರೆ ಕೆಡುಕಿಲ್ಲ. ನೀವು ಪೈಪು ಇಳಿಸಿ, ತಳದ ಕಲ್ಲುಗಳ ಸಂದಿಯಿಂದಲೇ ಕಸ ಸಮೇತ ಮೂರನೇ ಒಂದು ಪಾಲು ನೀರು ಎಳೆಯುತ್ತೀರಿ. ತುಂಬುವುದು ನಲ್ಲಿಯಿಂದ ನೇರವಾಗಿ ಅಲ್ಲ. ಪಂಚಾಯ್ತಿಯ ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಬಿದ್ದಿರುತ್ತದೆ, ಅದರ ಕ್ಲೋರಿನ್ ನಮಗೆ ರಕ್ಷೆ, ಮೀನಿನ ಕಿವಿರಿಗೆ ಉರಿ. ನಿನ್ನೆಯೇ ಹಿಡಿದು ಅಗಲ ಬಾಯಿಯ ಟಬ್ಬಿನಲ್ಲಿ ತೆರೆದಿಟ್ಟ ನೀರಿದೆ. ಕೈ ಅದ್ದಿ ನೋಡಿ: ಎರಡೂ ನೀರಿನ ತಂಪು ಒಂದೇ ಆಗಿರಬೇಕು.

ಗಿಡಗಳನ್ನೂ ಈಗಲೇ ತೆಗೆದುಬಿಡಿ. ಮುಂದೆ ಹಾಕುವ ಮದ್ದನ್ನು ಅವು ತಡೆದುಕೊಳ್ಳಲಾರವು.

ಇನ್ನು ಅನುಮಾನವನ್ನು ಖಾತ್ರಿ ಮಾಡಿಕೊಳ್ಳಬೇಕು. ಮೀನಿನ ರೋಗ ಓದಿದವರು ನಮ್ಮಲ್ಲಿಲ್ಲವೆಂದಲ್ಲ, ಮಂಗಳೂರಿನ ಮೀನುಗಾರಿಕೆ ಕಾಲೇಜು 1969ರಿಂದ ಇದನ್ನು ಕಲಿಸುತ್ತಿದೆ. ಆದರೆ ಮಂಗಳೂರೆಂದರೆ ಇಲ್ಲಿಂದ ಒಂದು ರಾತ್ರಿಯ ಬಸ್ಸು. ಹತ್ತಿರದಲ್ಲಿರುವುದು ಹೈಸ್ಕೂಲಿನ ಸೂಕ್ಷ್ಮದರ್ಶಕ. ಹುಡುಗಿ ನಿನ್ನೆಯೇ ವಿಜ್ಞಾನದ ಸರ್‌ನ್ನು ಕೇಳಿ ಬಂದಿದ್ದಾಳೆ. ಪ್ರಾರ್ಥನೆಗೆ ಮುಂಚೆ ಬಂದರೆ ನೋಡೋಣ ಅಂದಿದ್ದಾರಂತೆ.

ಕೈಯನ್ನು ತೊಟ್ಟಿಯ ನೀರಿನಲ್ಲೇ ಒದ್ದೆ ಮಾಡಿಕೊಳ್ಳಿ. ಒಣ ಕೈ ಮೀನಿನ ಲೋಳೆಯನ್ನು ಕಿತ್ತು ತರುತ್ತದೆ, ಆ ಲೋಳೆಯೇ ಅದರ ಕವಚ. ಒದ್ದೆ ಬಟ್ಟೆಯ ಮೇಲೆ ಮೀನನ್ನು ಹಿಡಿಯುತ್ತೀರಿ, ಕಣ್ಣ ಮೇಲೆ ಬಟ್ಟೆಯ ಅಂಚು ಬಿದ್ದ ಕೂಡಲೇ ಒದ್ದಾಟ ನಿಲ್ಲುತ್ತದೆ. ಎದೆಯ ರೆಕ್ಕೆಯ ಹಿಂದಿನಿಂದ ಬಾಲದ ದಿಕ್ಕಿಗೆ, ಹುರುಪೆ ಮಲಗಿದ ದಿಕ್ಕಿಗೇ, ತೆಳು ಗಾಜಿನ ಅಂಚಿನಿಂದ ಹಗುರಾಗಿ ಒಮ್ಮೆ ಎಳೆಯುತ್ತೀರಿ. ಅಂಚಿನಲ್ಲಿ ಮಸುಕಾದ ಲೋಳೆ ಕೂತಿದೆ. ಮೀನು ವಾಪಸ್ ನೀರಿಗೆ. ಲೋಳೆ ಸ್ಲೈಡಿನ ಮೇಲೆ, ಅದಕ್ಕೆ ತೊಟ್ಟಿಯದೇ ಒಂದು ಹನಿ ನೀರು, ಮೇಲೊಂದು ತೆಳು ಗಾಜು. ಒಣಗುವುದರೊಳಗೆ ಶಾಲೆ ಸೇರಬೇಕು. ಇಬ್ಬರೂ ಬೇಗ ಬೇಗ ಹೆಜ್ಜೆ ಹಾಕುತ್ತೀರಿ.

“ಬರ್ರಿ ಬರ್ರಿ,” ಸರ್ ಕಿಟಕಿಯ ಬಳಿ ಸೂಕ್ಷ್ಮದರ್ಶಕ ಇಟ್ಟು ಕನ್ನಡಿ ತಿರುಗಿಸುತ್ತಿದ್ದಾರೆ. “ಮೊದಲ ಕಡಿಮಿ ಪವರ್‌ನಾಗ ಹುಡುಕೋಣ.”

ಕಣ್ಣಿಡಿ. ಮೊದಮೊದಲು ಬರೀ ಬೂದು ಮೋಡ. ಚೂರು ಬಲಕ್ಕೆ ಸರಿಸಿ. ಅಲ್ಲಿ ಒಂದು ಕಪ್ಪು ಗುಂಡು, ಅಲುಗಾಡುತ್ತಿದೆ. ಅಲುಗಾಟವಲ್ಲ, ಉರುಳಾಟ: ನಿಂತಲ್ಲೇ, ಆತುರವಿಲ್ಲದೆ, ತನ್ನ ಸುತ್ತ ತಾನೇ ತಿರುಗುತ್ತಿದೆ. ಅಂಚಿನ ಸುತ್ತ ಕೂದಲಿಗಿಂತ ತೆಳ್ಳಗಿನ ಎಳೆಗಳು ಅಲೆಯಾಗಿ ಬಡಿಯುತ್ತಿವೆ. ಒಳಗೆ ಲಾಳದ ಆಕಾರದ ತಿಳಿಯಾದ ಭಾಗ. ಈ ಲಾಳ ಕಂಡ ಮೇಲೆ ಬೇರೆ ಸಾಕ್ಷಿ ಬೇಡ. ಫ್ರಾನ್ಸಿನ ಫೂಕೆ 1876ರಲ್ಲಿ ವಿವರಿಸಿದ ಇಕ್ತಿಯೊಫ್ತಿರಿಯಸ್ ಮಲ್ಟಿಫಿಲಿಸ್ ಇದೇ. ಇಡೀ ಪ್ರಾಣಿಯೇ ಒಂದು ಜೀವಕೋಶ, ಬೆಳೆದರೆ ಒಂದು ಮಿಲಿಮೀಟರ್ ಹತ್ತಿರಕ್ಕೆ ಬರುತ್ತದೆ. ಹುಡುಗಿ ನಿಮ್ಮನ್ನು ಪಕ್ಕಕ್ಕೆ ತಳ್ಳಿ ಕಣ್ಣಿಟ್ಟು, ಉಸಿರು ಬಿಗಿಹಿಡಿದು ನೋಡುತ್ತಾಳೆ.

“ಅಯ್ಯ, ಎಷ್ಟ್ ಚಂದ ಐತಿ ಸರ್ ಇದು!”

ನಿಜ, ಚೆಂದವಿದೆ. ಕೊಲ್ಲಲು ಹೊರಟದ್ದನ್ನೂ ಹೀಗೆ ಒಮ್ಮೆ ಕಣ್ಣಿಟ್ಟು ನೋಡಬೇಕು ಅನ್ನುವುದು ನನ್ನ ಗಟ್ಟಿ ನಂಬಿಕೆ. ನೋಡಿದರೆ ಔಷಧಿಯೂ ಬದಲಾಗುತ್ತದೆ. ಇದರ ಬದಲು ಜಿಗಣೆಯಂತೆ ಉದ್ದಕ್ಕೆ ಚಾಚುವ, ಹಿಂಭಾಗದಲ್ಲಿ ಕೊಕ್ಕೆಯಿರುವ ಹುಳು ಕಂಡಿದ್ದರೆ ಅದು ಫ್ಲೂಕ್, ಅದಕ್ಕೆ ಪ್ರಾಜಿಕ್ವಾಂಟೆಲ್ ಬೇಕು. ನಾಯಿಯ ಜಂತುಮಾತ್ರೆಯಲ್ಲೂ ಆ ಔಷಧಿ ಇರುತ್ತದೆ, ಆದರೆ ಜೊತೆಗೆ ಬೇರೆಯವೂ ಸೇರಿರುವುದರಿಂದ ಅದನ್ನು ಪುಡಿ ಮಾಡಿ ತೊಟ್ಟಿಗೆ ಹಾಕುವಂತಿಲ್ಲ.

ದಾರಿಯಲ್ಲಿ ಕಿರಾಣಿ ಅಂಗಡಿ. ದ್ರಾಕ್ಷಿ, ಸೊಪ್ಪು ತೊಳೆಯುವ ನೇರಳೆ ಪುಡಿ ಹಾಕಿಬಿಡಿ ಎಂದು ಒಬ್ಬರು ಸಲಹೆ ಕೊಡುತ್ತಾರೆ. ಪೊಟ್ಯಾಸಿಯಂ ಪರ್ಮಾಂಗನೇಟ್ ಕೆಲಸ ಮಾಡುವುದು ಸುಳ್ಳಲ್ಲ. ಆದರೆ ಲೆಕ್ಕ ನೋಡಿ. ತೊಟ್ಟಿ 18 ಇಂಚು ಉದ್ದ, 12 ಇಂಚು ಅಗಲ, ನೀರಿನ ಎತ್ತರ 10 ಇಂಚು, ಅಂದರೆ ಹೆಚ್ಚುಕಡಿಮೆ 35 ಲೀಟರ್. ಲೀಟರಿಗೆ 2 ಮಿಲಿಗ್ರಾಂನಂತೆ ಬೇಕಾದ ಪುಡಿ 70 ಮಿಲಿಗ್ರಾಂ. ಅಂಗಡಿಯ ತಕ್ಕಡಿಗೆ ಅದು ಕಾಣುವುದೇ ಇಲ್ಲ. ಒಂದು ಚಿಟಿಕೆ ಹೆಚ್ಚಾದರೆ ಕಿವಿರು ಸುಡುತ್ತದೆ. ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ನೀಲಿ-ಹಸಿರು ದ್ರಾವಣದಲ್ಲಿ ಸಾಮಾನ್ಯವಾಗಿ ಇರುವುದು ಮಲಾಕೈಟ್ ಗ್ರೀನ್. ತಿನ್ನುವ ಮೀನಿಗೆ ಅದನ್ನು ಬಳಸುವುದನ್ನು ಅಮೆರಿಕ, ಯುರೋಪು ನಿಷೇಧಿಸಿವೆ. ಮನೆಯಲ್ಲಿ ಮಕ್ಕಳ ಕೈ ಆಡುವ ತೊಟ್ಟಿಗೆ ನಾನಂತೂ ಅದನ್ನು ಮೊದಲ ಮದ್ದೆಂದು ಹೇಳಲಾರೆ.

“ಕಲ್ಲುಪ್ಪು ಕೊಡ್ರಿ ಅಣ್ಣಾ. 35, 35, 35 ಗ್ರಾಂ, ಮೂರು ಪೊಟ್ಟಣ ಮಾಡ್ರಿ.”

ಅಂಗಡಿಯವರು ಒಮ್ಮೆ ಮುಖ ನೋಡಿ, ಮಾತಿಲ್ಲದೆ ತೂಗುತ್ತಾರೆ. ಹರಳು ಒಂದೊಂದೇ ಬಿದ್ದು ತಕ್ಕಡಿಯ ಕೆಂಪು ಅಂಕಿ 33, 34, 35 ಆಗುತ್ತದೆ. ಲೀಟರಿಗೆ ಒಂದು ಗ್ರಾಂನಂತೆ ಮೂರು ಸಲ, ನಡುವೆ ಹನ್ನೆರಡು ಗಂಟೆ ಬಿಡುವು ಕೊಟ್ಟು. ಉಪ್ಪಿನಲ್ಲಿ ಒಂದೆರಡು ಗ್ರಾಂ ಆಚೀಚೆಯಾದರೆ ಯಾರೂ ಸಾಯುವುದಿಲ್ಲ. ಅದಕ್ಕೇ ನನಗೆ ಉಪ್ಪು ಇಷ್ಟ.

ಮನೆಗೆ ಬಂದು ಮೊದಲ ಪೊಟ್ಟಣವನ್ನು ಮಗ್ಗಿನಲ್ಲಿ ಕರಗಿಸಿ, ಗಾಳಿಗುಳ್ಳೆ ಏಳುವ ಮೂಲೆಯಲ್ಲಿ ನಿಧಾನವಾಗಿ ಸುರಿಯುತ್ತೀರಿ. ಸಿಹಿನೀರಿನ ಮೀನಿನ ರಕ್ತ ಸುತ್ತಲಿನ ನೀರಿಗಿಂತ ಉಪ್ಪು, ಹಾಗಾಗಿ ನೀರು ಸದಾ ಮೈಯೊಳಕ್ಕೆ ನುಗ್ಗುತ್ತಿರುತ್ತದೆ. ಚರ್ಮ ತೂತಾದಾಗ ಇನ್ನೂ ಹೆಚ್ಚು. ಆ ನೀರನ್ನು ಹೊರಹಾಕುವುದರಲ್ಲೇ ಮೀನಿನ ಶಕ್ತಿ ಸೋರಿಹೋಗುತ್ತದೆ. ಹೊರಗೂ ಚೂರು ಉಪ್ಪಿದ್ದರೆ ಆ ದುಡಿಮೆ ಹಗುರಾಗುತ್ತದೆ. ಚುಕ್ಕೆಯೊಳಗಿನ ಜೀವಿಗೆ ಮಾತ್ರ ಏನೂ ಆಗುವುದಿಲ್ಲ. ಅದು ಮೀನಿನ ಚರ್ಮದ ಅಡಿಯಲ್ಲಿ ಹೊದ್ದು ಮಲಗಿದೆ, ಉಪ್ಪು ಅಲ್ಲಿಗೆ ಮುಟ್ಟದು. ಉಂಡು ಬೆಳೆದ ಮೇಲೆ ಅದೇ ಉದುರಿ ತಳಕ್ಕೆ ಬೀಳುತ್ತದೆ, ಕಲ್ಲಿಗೋ ಗಾಜಿಗೋ ಅಂಟಿ ಚಿಪ್ಪು ಕಟ್ಟಿಕೊಂಡು ನೂರಾರು ಮರಿಗಳಾಗಿ ಒಡೆಯುತ್ತದೆ. ಆ ಮರಿಗಳು ಈಜುತ್ತ ಮೀನನ್ನು ಹುಡುಕುತ್ತವೆ. ಎರಡು ದಿನದೊಳಗೆ ಸಿಗದಿದ್ದರೆ ಅವುಗಳ ಆಯುಷ್ಯ ಮುಗಿಯಿತು. ಉಪ್ಪು ಕಾದಿರುವುದು ಈ ಈಜುವ ಮರಿಗಳಿಗೆ. ಚಿಕಿತ್ಸೆ ನಡೆಯುವುದು ಮೀನಿಗಲ್ಲ, ನೀರಿಗೆ.

ನೀರು ಬೆಚ್ಚಗಿದ್ದಷ್ಟೂ ಈ ಸುತ್ತು ಬೇಗ ಮುಗಿಯುತ್ತದೆ: 25 ಡಿಗ್ರಿಯ ಆಸುಪಾಸಿನಲ್ಲಿ ವಾರದೊಳಗೆ, 10 ಡಿಗ್ರಿಯಲ್ಲಿ ತಿಂಗಳಿಗೂ ಮೀರಿ. ಹೀಟರ್ ಹಾಕಬಹುದು. ಆದರೆ ಕರೆಂಟು ಬಂದು ಹೋಗುವ ಊರಿನಲ್ಲಿ ನೀರು ಕಾದು ಆರಿ ಕಾದು ಆರಿ ಆಗುವುದು ಚಳಿಗಿಂತ ಕೆಟ್ಟದ್ದು. ಅವ್ವ ತಾನಾಗಿಯೇ ಕರಿ ಕಂಬಳಿ ತಂದು ತೊಟ್ಟಿಯ ಮೂರು ಬದಿಗೆ ಹೊದಿಸುತ್ತಾಳೆ. “ರಾತ್ರಿ ಹೊತ್ತು ಥಂಡಿ ಬಡಿಬಾರದು,” ಅನ್ನುತ್ತಾಳೆ. ಇದಕ್ಕಿಂತ ಒಳ್ಳೆಯ ಉಪಾಯ ಈ ಮನೆಯಲ್ಲಿಲ್ಲ.

ಅದೇ ರಾತ್ರಿ ಕರೆಂಟು ಹೋಗುತ್ತದೆ. ಪಂಪಿನ ಗುಯ್‌ಗುಟ್ಟುವ ಸದ್ದು ನಿಂತದ್ದೇ ನಿಮಗೆ ಎಚ್ಚರ. ಕಿವಿರಿನಲ್ಲೂ ಚುಕ್ಕೆ ತುಂಬಿರುವ ಮೀನಿಗೆ ಗಾಳಿ ನಿಂತರೆ ಕಷ್ಟ. ಟಾರ್ಚು ಹಲ್ಲಲ್ಲಿ ಕಚ್ಚಿ, ಮಗ್ಗಿನಿಂದ ನೀರೆತ್ತಿ ಒಂದು ಮೊಳ ಮೇಲಿನಿಂದ ಸುರಿಯುತ್ತೀರಿ. ಮತ್ತೆ ಎತ್ತಿ ಸುರಿಯುತ್ತೀರಿ. ಹುಡುಗಿ ಎದ್ದು ಬಂದು ಮಗ್ಗು ಕಸಿದುಕೊಳ್ಳುತ್ತಾಳೆ. ತೋಳು ಸೋಲುವವರೆಗೆ ಸರದಿ. ಕರೆಂಟು ಬಂದಾಗ ಇಬ್ಬರ ಅಂಗಿ ತೋಳೂ ತೊಯ್ದಿದೆ.

ನಾಲ್ಕನೇ ದಿನಕ್ಕೆ ಬಾಲ ಬೋಳು. ಬೆನ್ನು ಬೋಳು. ಕಣ್ಣಿನ ಹತ್ತಿರದ್ದೂ ಇಲ್ಲ.

“ಆರಾಮಾತು ಕಾಕಾ! ಉಪ್ಪು ತೆಗ್ಯೂಣು?”

ಇಲ್ಲ. ಇಡೀ ರೋಗದಲ್ಲಿ ಅತಿ ಅಪಾಯದ ದಿನ ಇದೇ. ಚುಕ್ಕೆ ಸತ್ತಿಲ್ಲ, ಉದುರಿದೆ. ಈಗ ತಳದಲ್ಲಿ ಚಿಪ್ಪು ಕಟ್ಟಿಕೊಂಡು ಒಡೆಯುತ್ತಿದೆ. ವಾಸಿಯಾಯಿತೆಂದು ಇವತ್ತು ನೀರು ಬದಲಿಸಿ ಉಪ್ಪು ಇಳಿಸಿದವರು ಮುಂದಿನ ವಾರ ಮೊದಲಿನ ಹತ್ತು ಪಟ್ಟು ಚುಕ್ಕೆ ನೋಡುತ್ತಾರೆ, ಆಗ ಮೀನು ಉಳಿಯುವುದು ಅಪರೂಪ. ನೀವು ಇದನ್ನು ಅವಳಿಗೆ ಸೂಕ್ಷ್ಮದರ್ಶಕದಲ್ಲಿ ಕಂಡ ಆ ಉರುಳುವ ಗುಂಡನ್ನು ನೆನಪಿಸಿಯೇ ಹೇಳುತ್ತೀರಿ. ಅವಳು ಪೈಪು ತರುತ್ತಾಳೆ. ದಿನವೂ ತಳದ ಕಲ್ಲು ಕೆದಕಿ ನೀರು ಎಳೆಯಬೇಕು, ತೆಗೆದಷ್ಟೇ ನೀರು ಸೇರಿಸಬೇಕು, ಆ ನೀರಿಗೆ ಲೀಟರಿಗೆ ಮೂರು ಗ್ರಾಂ ಉಪ್ಪು. ಆವಿಯಾಗಿ ಇಳಿದ ನೀರಿಗೆ ಮಾತ್ರ ಉಪ್ಪು ಬೇಡ, ಉಪ್ಪು ಆವಿಯಾಗುವುದಿಲ್ಲ. ಎಳೆದ ನೀರನ್ನು ದನ ಕುಡಿಯುವ ಬಾನಿಗೂ ಸುರಿಯಬಾರದು, ಹಳ್ಳಕ್ಕೂ ಹೋಗಬಾರದು. ಹಿತ್ತಲಿನ ಬರಿ ನೆಲ ಸಾಕು.

ಕೊನೆಯ ಚುಕ್ಕೆ ಹೋಗಿ ಹತ್ತು ದಿನ ಹೀಗೇ. ಆಮೇಲೆ ಸ್ವಲ್ಪ ಸ್ವಲ್ಪವಾಗಿ ಸಪ್ಪೆ ನೀರು. ಮೀನು ಈಗ ಬೆನ್ನ ರೆಕ್ಕೆ ಪೂರ್ತಿ ಬಿಚ್ಚಿಕೊಂಡು, ಕಲ್ಲನ್ನು ಬಾಯಲ್ಲಿ ಎತ್ತಿ ಉಗುಳುತ್ತಿದೆ. ಊಟ ಹಾಕುವಾಗ ಗಾಜಿಗೇ ಮೂತಿ ಒತ್ತುತ್ತದೆ.

“ಜೋಡಿಗೆ ಇನ್ನೊಂದು ತರೂಣು?” ಹುಡುಗಿ ಕೇಳುತ್ತಾಳೆ.

ಇಂಗ್ಲೆಂಡಿನಲ್ಲಿ 1956ರಲ್ಲಿ ಜಾತ್ರೆಯೊಂದರಲ್ಲಿ ಗೆದ್ದು ತಂದ ಟಿಶ್ ಎಂಬ ಗೋಲ್ಡ್‌ಫಿಶ್ 43 ವರ್ಷ ಬದುಕಿತ್ತು ಎಂದು ನೀವು ಅವಳಿಗೆ ಹೇಳುತ್ತೀರಿ. ಈ 35 ಲೀಟರಿನಲ್ಲಿ ಇದೊಂದಕ್ಕೇ ಜಾಗ ಸಾಲದು. ಮೊದಲು ಬೇಕಾದದ್ದು ದೊಡ್ಡ ತೊಟ್ಟಿ. ಜೋಡಿ ಆಮೇಲೆ, ಅದೂ ಮೂರು ವಾರ ಬೇರೆ ಬಕೆಟ್ಟಿನಲ್ಲಿದ್ದು, ಬೇರೆ ಜಾಳಿಗೆ, ಬೇರೆ ಪೈಪಿನಲ್ಲಿ ದಿನ ಕಳೆದು ಬಂದರೆ.

ಅವಳು ಆಗಲೇ ಟೇಪು ಹಿಡಿದು ಗೋಡೆ ಅಳೆಯುತ್ತಿದ್ದಾಳೆ. ಮೂರಡಿ ಉದ್ದ, ಒಂದೂವರೆ ಅಗಲ, ಒಂದೂವರೆ ಎತ್ತರ. ತುಂಬಿದರೆ 190 ಲೀಟರ್. ಈ ಮೇಜು ತಡೆಯದು.

“ಅಜ್ಜೀ, ಜ್ವಾಳದ ಚೀಲ ಆ ಕಡಿಗೆ ಸರಸ್ತೀನಿ, ಕಟ್ಟಿ ನನಗ ಬೇಕು.”