ಸಯಾಮಿನ ಊಟ, ಹುವಾ ಹಿನ್ ದ್ರಾಕ್ಷಿ

ಥಾಯ್ ಜನರ ಊಟದಲ್ಲಿ ಮೊದಲು ಬಡಿಸತಕ್ಕದ್ದು ಯಾವುದು, ಕಡೆಗೆ ಬಡಿಸತಕ್ಕದ್ದು ಯಾವುದು ಎಂಬ ಚರ್ಚೆಗೆ ಎಡೆಯೇ ಇಲ್ಲ. ನಡುವೆ ಅನ್ನ, ಅದರ ಸುತ್ತ ಹುಳಿಸಾರು, ಹಬೆಯಲ್ಲಿ ಬೆಂದ ಮೀನು, ತೆಂಗಿನ ಹಾಲಿನ ಮೇಲೋಗರ, ಹಸಿ ಪರಂಗಿಕಾಯಿಯ ಕೋಸಂಬರಿ, ಹುರಿದ ಸೊಪ್ಪು, ಎಲ್ಲವೂ ಒಟ್ಟಿಗೇ ಬಂದು ಕುಳಿತುಕೊಳ್ಳುತ್ತವೆ. ಮನೆಮಂದಿಯೆಲ್ಲ ಅವೇ ಬಟ್ಟಲುಗಳಿಂದ ಒಂದೊಂದು ಚಮಚವನ್ನು ತಮ್ಮ ತಮ್ಮ ಅನ್ನದ ಮೇಲೆ ಹಾಕಿಕೊಳ್ಳುತ್ತಾರೆ. ಒಂದು ತುತ್ತು ಹುಳಿಯಾದರೆ ಇನ್ನೊಂದು ಖಾರ, ಮತ್ತೊಂದು ಸಿಹಿ. ಊಟ ಮಾಡುವುದಕ್ಕೆ ಅವರ ಮಾತು ‘ಕಿನ್ ಖಾವ್’, ಎಂದರೆ ಅನ್ನ ಉಣ್ಣುವುದು. ದಾರಿಯಲ್ಲಿ ಸಿಕ್ಕ ಪರಿಚಿತರನ್ನು ‘ಅನ್ನ ಉಂಡಿರಾ?’ ಎಂದು ವಿಚಾರಿಸುವುದು ಅಲ್ಲಿಯ ಕುಶಲಪ್ರಶ್ನೆ. ‘ಊಟವಾಯಿತೇ?’ ಎಂಬ ಮಾತನ್ನು ಕೇಳುತ್ತಲೇ ಬೆಳೆದ ನಮಗೆ ಇದು ಪರದೇಶವೆನಿಸುವುದಿಲ್ಲ.

ಇಂತಹ ಪಂಕ್ತಿಗೆ ಯುರೋಪಿನ ದ್ರಾಕ್ಷಾರಸವನ್ನು ತಂದು ಕೂರಿಸುವುದು ಹೇಗೆ? ಅವರಲ್ಲಿ ಊಟಕ್ಕೆ ಮೆಟ್ಟಿಲುಗಳುಂಟು. ಮೀನಿನ ಜೊತೆಗೆ ಬಿಳಿಯ ವೈನ್, ಮಾಂಸದ ಜೊತೆಗೆ ಕೆಂಪು, ಭಕ್ಷ್ಯದ ಜೊತೆಗೆ ಸಿಹಿ. ಒಂದು ತಟ್ಟೆ ಹೋದ ಮೇಲೆ ಇನ್ನೊಂದು. ಥಾಯ್ ಊಟದಲ್ಲಿಯಾದರೋ ಒಂದೇ ಬಟ್ಟಲಿನ ರಸವು ಐದಾರು ವ್ಯಂಜನಗಳಿಗೆ ಏಕಕಾಲದಲ್ಲಿ ಉತ್ತರ ಹೇಳಬೇಕು.

ಕಳೆದ ಬೇಸಗೆಯ ರಜೆಯಲ್ಲಿ ಬ್ಯಾಂಕಾಕಿಗೆ ಹೋಗಿದ್ದಾಗ ಈ ಪ್ರಶ್ನೆ ನನ್ನ ಕಿವಿಗೆ ಬಿತ್ತು. ಅಲ್ಲಿ ನನ್ನ ಹಳೆಯ ಸಹಪಾಠಿಯೊಬ್ಬನಿದ್ದಾನೆ. ಊರು ಉಡುಪಿಯ ಕಡೆ. ಉದ್ಯೋಗ ಯಂತ್ರಗಳ ವ್ಯಾಪಾರ. ಕೈಹಿಡಿದವಳು ಥಾಯ್ ದೇಶದವಳು. ವ್ಯಾಪಾರದ ನಿಮಿತ್ತ ಮನೆಗೆ ಊಟಕ್ಕೆ ಬರುವ ಜರ್ಮನರು, ಫ್ರೆಂಚರು ಸೀಸೆಗಳನ್ನು ಹಿಡಿದೇ ಬರುತ್ತಾರೆ. ಹತ್ತು ವರ್ಷಗಳಿಂದ ಯಾವ ಸೀಸೆ ಯಾವ ಬಟ್ಟಲಿಗೆ ಒಗ್ಗಿತು, ಯಾವುದು ಒಗ್ಗಲಿಲ್ಲ ಎಂಬುದನ್ನು ಅವನು ಗಮನಿಸುತ್ತ ಬಂದಿದ್ದಾನೆ. ಅವನ ಅತ್ತೆಯವರು, ಮಕ್ಕಳು ಕರೆಯುವಂತೆ ‘ಯಾಯ್’, ಪಂಚಶೀಲವನ್ನು ತಪ್ಪದೆ ಪಾಲಿಸುವ ಬೌದ್ಧ ಗೃಹಿಣಿ. ಸುರೆಯನ್ನು ಮುಟ್ಟದಿರುವುದು ಆ ಶೀಲಗಳಲ್ಲಿ ಐದನೆಯದು. ಅವರ ಪಕ್ಕದಲ್ಲಿ ಇರುತ್ತಿದ್ದುದು ಮಜ್ಜಿಗೆಹುಲ್ಲಿನ ಕಷಾಯದ ಲೋಟ. ನಿಜ ಹೇಳಬೇಕೆಂದರೆ ಆ ಮೇಜಿನಲ್ಲಿ ಅವರ ಊಟಕ್ಕಿಂತ ಹದವಾದ ಊಟ ಮತ್ತಾರದೂ ಆಗಿರಲಿಲ್ಲ. ಆದ್ದರಿಂದ ಈ ಲೇಖನವನ್ನು ಯಾರೂ ಪಾನದ ಪರವಾದ ವಕಾಲತ್ತೆಂದು ಭಾವಿಸಬೇಕಾಗಿಲ್ಲ. ನಾನು ಅಲ್ಲಿ ಕುಡಿದುದು ಗುಟುಕುಗಳ ಲೆಕ್ಕದಲ್ಲಿ. ಯೋಚಿಸಿದುದು ಮಾತ್ರ ಹೆಚ್ಚು.

ಎಲ್ಲಕ್ಕಿಂತ ದೊಡ್ಡ ತೊಡಕು ಮೆಣಸಿನಕಾಯಿ. ಅದು ಸಯಾಮಿನದೂ ಅಲ್ಲ, ನಮ್ಮದೂ ಅಲ್ಲ. ಅಮೆರಿಕದ ಗಿಡವದು, ಪೋರ್ಚುಗೀಸರ ಹಡಗುಗಳ ಕಾಲದಲ್ಲಿ ಪೂರ್ವಕ್ಕೆ ಬಂತು. 1511ರಲ್ಲಿ ಮಲಕ್ಕಾವನ್ನು ಹಿಡಿದ ಪೋರ್ಚುಗೀಸರು ಅದೇ ವರ್ಷ ಅಯುಧ್ಯಾ ರಾಜ್ಯಕ್ಕೆ ದೂತನನ್ನು ಅಟ್ಟಿದರು. ಅದಕ್ಕೆ ಸ್ವಲ್ಪವೇ ಮುಂಚೆ ನಮ್ಮ ಮೂರನೆಯ ಮಂಗರಸ ‘ಸೂಪಶಾಸ್ತ್ರ’ವನ್ನು ಬರೆದನು. ಅವನ ಪಾಕಗಳಿಗೆ ಖಾರ ಕೊಟ್ಟುದು ಕರಿಮೆಣಸೇ ಹೊರತು ಮೆಣಸಿನಕಾಯಿಯಲ್ಲ. ಹೊಸ ಕಾಯಿ ಬಂದಾಗ ಕನ್ನಡಿಗರು ಹಳೆಯ ಮೆಣಸಿನ ಹೆಸರನ್ನೇ ಅದಕ್ಕೂ ಕೊಟ್ಟರು; ಬರಬರುತ್ತ ಹಳೆಯದನ್ನು ‘ಕಾಳುಮೆಣಸು’, ‘ಒಳ್ಳೆಮೆಣಸು’ ಎಂದು ಬೇರ್ಪಡಿಸಿ ಹೇಳಬೇಕಾಯಿತು. ಸಯಾಮಿನಲ್ಲಿ ನಡೆದುದೂ ಇದೇ. ‘ಫ್ರಿಕ್’ ಎಂದರೆ ಮೆಣಸು; ಆ ಹೆಸರನ್ನು ಕಾಯಿ ಕಸಿದುಕೊಂಡಿತು. ಮೂಲದ ಕರಿಮೆಣಸು ಈಗ ‘ಫ್ರಿಕ್ ಥಾಯ್’, ಎಂದರೆ ನಮ್ಮ ದೇಶದ ಮೆಣಸು! ಬಂದ ಅತಿಥಿ ಮನೆಯ ಯಜಮಾನನಾದರೆ ಯಜಮಾನನು ತನ್ನ ಗುರುತು ಹೇಳಿಕೊಳ್ಳಬೇಕಾಗುತ್ತದೆ.

ಮೆಣಸಿನಕಾಯಿಯ ಖಾರವು ಶಾಸ್ತ್ರದ ದೃಷ್ಟಿಯಿಂದ ರುಚಿಯೇ ಅಲ್ಲ, ಅದೊಂದು ಬಗೆಯ ಬಿಸಿ. ಸುಡುವ ಬಿಸಿಯನ್ನು ಅರಿಯುವ ನರಾಗ್ರಗಳಲ್ಲಿ ಒಂದು ಗ್ರಾಹಕವುಂಟು; ಕಾಯಿಯ ಸತ್ತ್ವವಾದ ಕ್ಯಾಪ್ಸೈಸಿನ್ ಅದನ್ನೇ ಹೋಗಿ ತಟ್ಟುತ್ತದೆ. ಈ ಗ್ರಾಹಕವನ್ನು 1997ರಲ್ಲಿ ಗುರುತಿಸಿದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಸಾಮಾನ್ಯವಾಗಿ ಸುಮಾರು 42 ಡಿಗ್ರಿ ಉಷ್ಣತೆಗೆ ಎಚ್ಚರಗೊಳ್ಳುವ ಅದು ಮದ್ಯಸಾರದ ಸಂಪರ್ಕವಾದರೆ ಸುಮಾರು 34 ಡಿಗ್ರಿಗೇ ಎಚ್ಚರಗೊಳ್ಳುತ್ತದೆ. ಅಂದರೆ ಬಾಯಿಯ ಸಹಜವಾದ ಬಿಸಿಯೇ ಆಗ ಉರಿಯಾಗಿ ತೋರುತ್ತದೆ. ಖಾರವಾಯಿತೆಂದು ಕಡುವಾದ ವೈನನ್ನು ಕುಡಿಯುವವನು ಬೆಂಕಿಗೆ ತುಪ್ಪ ಹೊಯ್ದಂತೆ. ಕೆಂಪು ವೈನಾದರೆ ಇನ್ನೂ ಕಷ್ಟ. ಎಳೆ ಅಡಿಕೆ ಜಗಿದಾಗ ಬರುವಂತಹ ಒಗರು ಅದರಲ್ಲಿರುತ್ತದೆ. ಉರಿಯುವ ನಾಲಗೆಗೆ ಆ ಒಗರು ಮರಳು ಕಾಗದದಂತೆ ತಾಕುತ್ತದೆ. ಸಿಹಿಯಾದರೋ ಉರಿಯನ್ನು ತಣಿಸುತ್ತದೆ. ಖಾರ ತಾಗಿ ಅಳುವ ಮಗುವಿನ ಕೈಗೆ ನಮ್ಮ ತಾಯಂದಿರು ಬೆಲ್ಲದ ಚೂರನ್ನಿಟ್ಟದ್ದು ಈ ಶಾಸ್ತ್ರವನ್ನು ಓದಿಯೇನೂ ಅಲ್ಲ.

ಸಿಹಿಯೊಂದೇ ಸಾಲದು. ‘ತೋಮ್ ಯಾಮ್ ಕುಂಗ್’ ಎಂಬ ಸಿಗಡಿ ಸಾರನ್ನು ತೆಗೆದುಕೊಳ್ಳಿ. 2024ರಲ್ಲಿ ಯುನೆಸ್ಕೋ ಇದನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡಿತು. ಮಜ್ಜಿಗೆಹುಲ್ಲು, ಶುಂಠಿಯ ಸೋದರನಂತಿರುವ ಗಲಾಂಗಲ್ ಗೆಡ್ಡೆ, ಮಾಕ್ರುತ್ ನಿಂಬೆಯ ಎಲೆ ಇವುಗಳ ಪರಿಮಳ. ಮೇಲೆ ಧಾರಾಳವಾಗಿ ಹಿಂಡಿದ ನಿಂಬೆರಸ. ಉಪ್ಪಿನ ಬದಲಿಗೆ ‘ನಾಮ್ ಪ್ಲಾ’, ಎಂದರೆ ಮೀನಿಗೆ ಉಪ್ಪು ಬೆರೆಸಿ ತಿಂಗಳುಗಟ್ಟಲೆ ಹುದುಗಿಸಿ ತೆಗೆದ ತಿಳಿರಸ. ಇಷ್ಟು ಹುಳಿಯ ಎದುರಿಗೆ ಹುಳಿಯಿಲ್ಲದ ವೈನ್ ಸಪ್ಪೆ ನೀರಾಗುತ್ತದೆ. ಬೇಕಾದುದು ಹುಳಿಯೂ ಉಂಟು, ಒಂದಿಷ್ಟು ಸಿಹಿಯೂ ಉಂಟು, ಮದ್ಯಸಾರ ಕಡಮೆ ಎಂಬಂತಹ ರಸ. ಜರ್ಮನಿಯ ಮೋಸೆಲ್ ನದಿಯ ದಂಡೆಯ ರೀಸ್ಲಿಂಗ್ ದ್ರಾಕ್ಷಿಯಿಂದ ‘ಕಾಬಿನೆಟ್’ ಎಂಬ ಹೆಸರಿನಲ್ಲಿ ಮಾಡುವ ಸಿಹಿಬೆರೆತ ಬಿಳಿಯ ವೈನಿನಲ್ಲಿ ಈ ಮೂರು ಗುಣಗಳೂ ಕೂಡಿವೆ. ಮದ್ಯಸಾರ ಶೇಕಡ 8-9ರಷ್ಟು ಮಾತ್ರ. ಅದನ್ನು ಚೆನ್ನಾಗಿ ತಣಿಸಿ ತೋಮ್ ಯಾಮಿನ ಜೊತೆ ಕೊಟ್ಟಾಗ ಖಾರ ಅಡಗಲಿಲ್ಲ, ಆದರೆ ಮುಂದಿನ ತುತ್ತಿಗೆ ಬಾಯಿ ಸಿದ್ಧವಾಯಿತು.

ಥಾಯ್ ಊಟಕ್ಕೆ ಕಣ್ಣುಮುಚ್ಚಿ ಗೆವುರ್ಟ್ಸ್‌ಟ್ರಾಮಿನರ್ ಎಂದು ಹೇಳುವ ಸಂಪ್ರದಾಯವೊಂದುಂಟು. ಅದಕ್ಕೆ ಆಧಾರವಿಲ್ಲದೆ ಇಲ್ಲ: ಆ ದ್ರಾಕ್ಷಿಯ ರಸಕ್ಕೂ ಲಿಚಿ ಹಣ್ಣಿಗೂ ಒಂದೇ ಸುಗಂಧದ್ರವ್ಯ ಸಮಾನವಾಗಿದೆ. ಮೂಗಿಗೆ ಹಬ್ಬವೇ ಸರಿ. ಆದರೆ ಹುಳಿ ಕಡಮೆ, ಮದ್ಯಸಾರ ಶೇಕಡ 13ರ ಮೇಲೆ. ನಿಂಬೆಹುಳಿಯ ಸಾರಿನ ಪಕ್ಕದಲ್ಲಿ ಅದು ಅತ್ತರು ಪೂಸಿಕೊಂಡ ಸೋಮಾರಿಯಂತೆ ನನಗೆ ತೋರಿತು. ಅದರ ನಿಜವಾದ ಜೋಡಿ ‘ಮಸ್ಸಮನ್’ ಮೇಲೋಗರ. ಮುಸಲ್ಮಾನ ಎಂಬ ಶಬ್ದದ ರೂಪಾಂತರವಾದ ಈ ಹೆಸರೇ ಅದರ ವಂಶವನ್ನು ಹೇಳುತ್ತದೆ. ಏಲಕ್ಕಿ, ದಾಲ್ಚಿನ್ನಿ, ಜೀರಿಗೆ, ತೆಂಗಿನ ಹಾಲು, ಕಡಲೆಕಾಯಿ. ಖಾರ ಮಿತ, ಹುಳಿ ಇನ್ನೂ ಮಿತ. ಎರಡನೆಯ ರಾಮನೆಂಬ ಸಯಾಮಿನ ಅರಸ (ಆಳಿಕೆ 1809-1824) ಪಟ್ಟಕ್ಕೆ ಬರುವ ಮೊದಲು ತನ್ನ ಪ್ರಿಯೆಯ ಕೈಯಡುಗೆಯನ್ನು ಹೊಗಳಿ ದೋಣಿಯ ಹಾಡಿನ ಧಾಟಿಯಲ್ಲಿ ಕಾವ್ಯ ಬರೆದನು. ಅದರಲ್ಲಿ ಮಸ್ಸಮನ್ನಿಗೆ ಅಗ್ರಪೂಜೆ. ಅಡುಗೆಯನ್ನು ಉಂಡು ಸುಮ್ಮನಿರದೆ ಕಾವ್ಯವನ್ನೂ ಬರೆದುಕೊಟ್ಟ ಗಂಡಂದಿರು ಯಾವ ದೇಶದಲ್ಲಿಯೂ ವಿರಳ.

ಪರಂಗಿಕಾಯಿಯ ‘ಸೋಮ್ ತಾಮ್’ಗೆ ಯಾವ ವೈನೂ ಬೇಡ. ಹಸಿಮೆಣಸು, ನಿಂಬೆ, ನಾಮ್ ಪ್ಲಾ, ಬೆಲ್ಲ ಹಾಕಿ ಒರಳಿನಲ್ಲಿ ಜಜ್ಜಿದ ಆ ಕೋಸಂಬರಿಗೆ ಅಂಟು ಅನ್ನದ ಉಂಡೆ ಮತ್ತು ಹಸಿ ಎಲೆಕೋಸು, ಇವೆರಡೇ ಸಾಕು.

ಒಂದು ರಾತ್ರಿ ಗೆಳೆಯ ನನ್ನನ್ನು ನದಿಯ ದಂಡೆಯ ದೊಡ್ಡ ಹೋಟೆಲೊಂದಕ್ಕೆ ಕರೆದೊಯ್ದನು. ಅಲ್ಲಿ ಪ್ರತಿ ವ್ಯಂಜನಕ್ಕೂ ಒಂದೊಂದು ಬಟ್ಟಲು ವೈನನ್ನು ಗೊತ್ತುಮಾಡಿ ಪಟ್ಟಿಯಲ್ಲಿ ಅಚ್ಚುಹಾಕಿದ್ದರು. ಎಲ್ಲವೂ ನಯವಾಗಿ ಹೊಂದಿಕೊಂಡಿತು. ಹೊಂದಿಕೊಂಡುದರ ಗುಟ್ಟು ಮಾತ್ರ ಬೇರೆ. ಸಾರಿನಲ್ಲಿ ಖಾರವೇ ಇರಲಿಲ್ಲ, ಮೇಲೋಗರದಲ್ಲಿ ಮೀನಿನ ರಸದ ಸುಳಿವಿರಲಿಲ್ಲ. ‘ನೋಡು ಮಾರಾಯ, ವೈನಿಗಾಗಿ ಅಡುಗೆಯನ್ನೇ ಮದುವೆಯ ಹುಡುಗಿಯಂತೆ ತಲೆ ತಗ್ಗಿಸಿ ಕೂರಿಸಿದ್ದಾರೆ’ ಎಂದು ಅವನು ನಕ್ಕನು. ನನಗೆ ನಗು ಬರಲಿಲ್ಲ. ಅನ್ನ, ತೆಂಗಿನ ಹಾಲು, ಬೆಲ್ಲ ಇವುಗಳಿಂದ ಖಾರವನ್ನು ಹದಕ್ಕೆ ತರುವ ಉಪಾಯವನ್ನು ಆ ಅಡುಗೆ ತನ್ನೊಳಗೇ ಇಟ್ಟುಕೊಂಡಿದೆ. ತಗ್ಗಬೇಕಾದುದು ಸೀಸೆಯೇ ಹೊರತು ಒರಳಲ್ಲ.

ಹಾಗಾದರೆ ಈ ಊಟಕ್ಕೆಂದೇ ಈ ಮಣ್ಣಿನಲ್ಲಿ ದ್ರಾಕ್ಷಿ ಬೆಳೆಯಬಾರದೇಕೆ? ಬೆಳೆಯುತ್ತಿದ್ದಾರೆ. ಅದನ್ನು ನೋಡಲು ನಾವು ಬ್ಯಾಂಕಾಕಿನಿಂದ ನೈಋತ್ಯಕ್ಕೆ ಸುಮಾರು 200 ಕಿಲೋಮೀಟರು ದೂರದ ಹುವಾ ಹಿನ್‌ಗೆ ರೈಲಿನಲ್ಲಿ ಹೋದೆವು. ಕಡಲತೀರದ ಊರು. ಕೆಂಪು ಮತ್ತು ಕೆನೆಬಣ್ಣದ ಹಳೆಯ ಮರದ ನಿಲ್ದಾಣ ಗೊಂಬೆಮನೆಯಂತಿದೆ. ರೈಲುಗಳು ಈಗ ಪಕ್ಕದ ಎತ್ತರದ ಹೊಸ ನಿಲ್ದಾಣದಲ್ಲಿ ನಿಲ್ಲುತ್ತವೆ. ಏಳನೆಯ ರಾಮ ಪ್ರಜಾಧಿಪೋಕ್ ಅರಸ ಇಲ್ಲಿ ಕಟ್ಟಿಸಿದ ಅರಮನೆಯ ಹೆಸರಿಗೆ ‘ಚಿಂತೆಗಳಿಂದ ದೂರ’ ಎಂದರ್ಥ. 1932ರ ಜೂನ್ 24ರಂದು ಬ್ಯಾಂಕಾಕಿನಲ್ಲಿ ಕ್ರಾಂತಿಯಾಗಿ ಅರಸನ ನಿರಂಕುಶಾಧಿಕಾರ ಕೊನೆಗೊಂಡಾಗ ಅವನು ಹುವಾ ಹಿನ್‌ನಲ್ಲಿಯೇ ಇದ್ದನು.

ಊರಿನಿಂದ ಪಶ್ಚಿಮಕ್ಕೆ ಮುಕ್ಕಾಲು ಗಂಟೆಯ ದಾರಿಯಲ್ಲಿ, ಒಂದು ಕಾಲಕ್ಕೆ ಆನೆಗಳನ್ನು ಕೂಡಿಹಾಕುತ್ತಿದ್ದ ಬಯಲಿನಲ್ಲಿ, ದ್ರಾಕ್ಷಿಯ ತೋಟವಿದೆ. 1986ರಲ್ಲಿ ಚಲೆರ್ಮ್ ಯೂವಿಧ್ಯಾ ಸ್ಥಾಪಿಸಿದ ಸಯಾಮ್ ವೈನರಿಗೆ ಸೇರಿದುದು. ಸೀಸೆಗಳ ಮೇಲಿನ ಹೆಸರು ‘ಮಾನ್ಸೂನ್ ವ್ಯಾಲಿ’. ಅಕ್ಷಾಂಶದ ಲೆಕ್ಕದಲ್ಲಿ ಈ ಊರು ನಮ್ಮ ಮದ್ದೂರಿನ ನೇರದಲ್ಲಿದೆ. ದ್ರಾಕ್ಷಿ ಚಳಿದೇಶದ ಬಳ್ಳಿ. ಚಳಿಗಾಲದಲ್ಲಿ ಎಲೆ ಉದುರಿಸಿ ನಿದ್ರಿಸಿ ವಸಂತದಲ್ಲಿ ಏಳುವುದು ಅದರ ಜಾಯಮಾನ. ಇಲ್ಲಿ ಚಳಿಗಾಲವೆಲ್ಲಿ? ಬಳ್ಳಿ ನಿದ್ರಿಸುವುದೇ ಇಲ್ಲ. ಬಿಟ್ಟರೆ ವರ್ಷಕ್ಕೆರಡು ಸಲ ಫಲ ಕೊಟ್ಟು ಸೊರಗುತ್ತದೆ. ಅದಕ್ಕಾಗಿ ವರ್ಷಕ್ಕೆರಡು ಸಲ ಚಾಟನಿ ಮಾಡಿ, ಮಳೆಗಾಲದ ಫಸಲನ್ನು ಬಿಟ್ಟುಕೊಟ್ಟು, ಫೆಬ್ರವರಿ-ಮಾರ್ಚ್ ತಿಂಗಳ ಒಣಹವೆಯ ಫಸಲೊಂದನ್ನೇ ಕೊಯ್ಯುತ್ತಾರೆ. ನಮ್ಮ ನಾಡಿನ ದ್ರಾಕ್ಷಿ ಬೆಳೆಗಾರರಿಗೆ ಈ ಎರಡು ಚಾಟನಿಗಳ ಲೆಕ್ಕ ಹೊಸದಲ್ಲ. ನಾವು ಹೋದದ್ದು ಮೇ ತಿಂಗಳು. ಸುಗ್ಗಿ ಮುಗಿದು ಬಳ್ಳಿಗಳಲ್ಲಿ ಬರಿಯ ಎಲೆಗಳಿದ್ದವು.

ಇಲ್ಲಿಯ ಅಡುಗೆ ವೈನಿನಿಂದ ಬೇಡುವುದು ಹುಳಿಯನ್ನು. ಇಲ್ಲಿಯ ಹವೆ ದ್ರಾಕ್ಷಿಯಿಂದ ಕಸಿಯುವುದೂ ಹುಳಿಯನ್ನೇ. ರಾತ್ರಿಗಳು ಬೆಚ್ಚಗಿದ್ದಷ್ಟೂ ಹಣ್ಣಿನ ಹುಳಿ ಕರಗಿಹೋಗುತ್ತದೆ. ಆದುದರಿಂದಲೇ ಬಿಸಿಲಿನಲ್ಲಿಯೂ ಹುಳಿಯನ್ನು ಬಿಟ್ಟುಕೊಡದ ಕೊಲಂಬಾರ್ಡ್, ಶೆನಿನ್ ಬ್ಲಾಂಕ್ ಎಂಬ ಫ್ರೆಂಚ್ ಜಾತಿಗಳನ್ನು ತಂದು ನೆಟ್ಟಿದ್ದಾರೆ. ತೋಟದ ಊಟದ ಮನೆಯಲ್ಲಿ, ನಿಂಬೆರಸದಲ್ಲಿ ಹಬೆಯಾಡಿಸಿದ ಮೀನಿನ ಜೊತೆಗೆ ಕೊಲಂಬಾರ್ಡನ್ನು ಸವಿದೆ. ಮೋಸೆಲಿನ ರಸದ ಸೂಕ್ಷ್ಮತೆ ಇದಕ್ಕಿಲ್ಲ. ಆದರೂ ಹೋಟೆಲಿನಲ್ಲಿ ಕುಡಿದ ಬೆಲೆಯುಳ್ಳ ಫ್ರೆಂಚ್ ವೈನಿಗಿಂತ ಇದು ಆ ಮೀನಿಗೆ ಹೆಚ್ಚು ಸಲೀಸಾಗಿ ಒಗ್ಗಿತೆಂಬುದರಲ್ಲಿ ನನಗೆ ಸಂಶಯವಿಲ್ಲ. ತನ್ನ ಊರಿನ ಊಟವನ್ನು ಅದು ಬಲ್ಲದು.

ಈ ತೋಟಗಳಿಗೆ ಈಗ ಕಷ್ಟಕಾಲ. ಬಹುಕಾಲ ಹೊರದೇಶದ ವೈನಿನ ಮೇಲೆ ಭಾರಿ ಸುಂಕವಿತ್ತು. ಅದೇ ಇವರಿಗೆ ಬೇಲಿಯಾಗಿತ್ತು. 2024ರ ಆರಂಭದಲ್ಲಿ ಪ್ರವಾಸಿಗರನ್ನು ಆಕರ್ಷಿಸುವ ಸಲುವಾಗಿ ಸರಕಾರವು ಆಮದು ಸುಂಕವನ್ನು ತೆಗೆದುಹಾಕಿತು. ಆಸ್ಟ್ರೇಲಿಯ, ಚಿಲಿ ದೇಶಗಳಲ್ಲಿ ಅಪಾರವಾಗಿ ಬೆಳೆಯುವವರ ಎದುರು, ಪ್ರತಿ ಬಳ್ಳಿಯನ್ನೂ ವರ್ಷಕ್ಕೆರಡು ಸಲ ಕೈಯಿಂದ ಸವರುವವರು ಬೆಲೆಯಲ್ಲಿ ಸ್ಪರ್ಧಿಸುವುದು ಹೇಗೆ? ಗೆಳೆಯ ಎರಡು ಸೀಸೆ ಕೊಂಡನು. ಒಂದು ಕೊಲಂಬಾರ್ಡ್, ಇನ್ನೊಂದು, ಹಣ್ಣನ್ನು ಬಳ್ಳಿಯಲ್ಲಿಯೇ ಹೆಚ್ಚು ದಿನ ಬಿಟ್ಟು ಸಕ್ಕರೆಗಟ್ಟಿಸಿ ಮಾಡಿದ ಸಿಹಿಯಾದ ಶೆನಿನ್ ಬ್ಲಾಂಕ್.

ಸಿಹಿ ವೈನಿಗೆ ಒಂದೇ ನಿಯಮ: ಅದು ಭಕ್ಷ್ಯಕ್ಕಿಂತ ಸಿಹಿಯಾಗಿರಬೇಕು, ಇಲ್ಲವಾದರೆ ಹುಳಿನೀರಾಗುತ್ತದೆ. ಸಯಾಮಿನ ಭಕ್ಷ್ಯಗಳಲ್ಲಿ ‘ಫೋಯ್ ಥೋಂಗ್’, ಎಂದರೆ ಬಂಗಾರದ ಎಳೆಗಳು, ವಿಚಿತ್ರವಾದುದು. ಮೊಟ್ಟೆಯ ಹಳದಿಯನ್ನು ಕುದಿಯುವ ಸಕ್ಕರೆ ಪಾಕದೊಳಗೆ ನೂಲಿನಂತೆ ಸುರಿಸಿ ಶಾವಿಗೆಯಂತೆ ಎತ್ತುತ್ತಾರೆ. ಪೋರ್ಚುಗಲ್ಲಿನ ಕನ್ಯಾಮಠಗಳ ಭಕ್ಷ್ಯವಿದು. 1688ರಲ್ಲಿ ಮರಣದಂಡನೆಗೆ ಗುರಿಯಾದ ಗ್ರೀಕ್ ಸಾಹಸಿಗ, ಅಯುಧ್ಯೆಯ ಅರಸ ನಾರಾಯಣನ ಮಂತ್ರಿ, ಫಾಲ್ಕನ್ನನ ಹೆಂಡತಿ ಮರಿಯಾ ಗುಯೋಮಾರ್ ಇದನ್ನು ಅರಮನೆಯ ಅಡುಗೆಮನೆಗೆ ತಂದಳೆಂದು ಪ್ರತೀತಿ. ಪೋರ್ಚುಗಲ್ಲಿನಲ್ಲಿ ಮೊಟ್ಟೆಯ ಬಿಳಿಯನ್ನು ವೈನು ತಿಳಿಗೊಳಿಸುವುದಕ್ಕೆ ಬಳಸಿ, ಉಳಿದ ಹಳದಿಯಿಂದ ಭಕ್ಷ್ಯಗಳನ್ನು ಮಾಡಿದರೆಂದು ಹೇಳುವುದುಂಟು. ಹಾಗಾದರೆ ಈ ಸಿಹಿಗೂ ದ್ರಾಕ್ಷಾರಸಕ್ಕೂ ಹುಟ್ಟಿನಿಂದಲೇ ನಂಟು. ಇದರ ಗಾಢವಾದ ಸಿಹಿಗೆ ಬೋರ್ಡೋ ಪ್ರಾಂತದ ಸೊಟೆರ್ನ್‌ನಂತಹ ಜೇನಿನ ರಸವೇ ಬೇಕು. ತೆಂಗಿನ ಹಾಲು ಕುಡಿದ ಅಂಟು ಅನ್ನ ಮತ್ತು ಮಾವಿನ ಹಣ್ಣಿಗಾದರೋ ಅಷ್ಟು ಭಾರವಾದುದು ಸಲ್ಲದು. ಶೇಕಡ 5ರಷ್ಟೇ ಮದ್ಯಸಾರವಿರುವ ಇಟಲಿಯ ನೊರೆಗುಳ್ಳೆಯ ಮೊಸ್ಕಾತೊ ದಾಸ್ತಿ ಸಾಕು. ಹುವಾ ಹಿನ್‌ನ ಸೀಸೆಯನ್ನು ಆ ರಾತ್ರಿ ಮಾವಿನ ಹಣ್ಣಿನ ಜೊತೆಗೇ ತೆರೆದೆವು. ಹಣ್ಣು, ರಸ ಎರಡೂ ಒಂದೇ ಬಿಸಿಲನ್ನು ಕುಡಿದವು, ಜಗಳವಾಡಲಿಲ್ಲ.

ಅಷ್ಟರಲ್ಲಿ ಯಾಯ್ ಮಾರುಕಟ್ಟೆಯಿಂದ ತಂದಿರಿಸಿದ್ದ ಡುರಿಯನ್ ಹಣ್ಣಿನ ವಾಸನೆ ಮನೆ ತುಂಬಿತ್ತು. ಹಲಸಿನ ಹಣ್ಣಿನ ದಾಯಾದಿಯಂತೆ ಮುಳ್ಳುಮುಳ್ಳಾದ ಅದನ್ನು ಕೊಯ್ಯಲು ನನಗೆ ಆತುರ. ಅವರು ನಮ್ಮ ಬಟ್ಟಲುಗಳನ್ನು ನೋಡಿ, ಹಣ್ಣನ್ನೆತ್ತಿಕೊಂಡು ಒಳಗೆ ನಡೆದರು. ಡುರಿಯನ್ನಿನ ಜೊತೆ ಮದ್ಯ ಸೇರಬಾರದೆಂಬುದು ಆ ದೇಶದ ಹಳೆಯ ನಂಬಿಕೆ. ದೇಹವು ಮದ್ಯವನ್ನು ಅರಗಿಸಿಕೊಳ್ಳಲು ಬೇಕಾದ ಕಿಣ್ವವೊಂದನ್ನು ಈ ಹಣ್ಣಿನ ಸತ್ತ್ವ ಪ್ರಯೋಗಶಾಲೆಯಲ್ಲಿ ತಡೆಯಿತೆಂದು ಜಪಾನಿನ ತ್ಸುಕುಬಾ ವಿಶ್ವವಿದ್ಯಾನಿಲಯದ ಸಂಶೋಧಕರು 2009ರಲ್ಲಿ ಪ್ರಕಟಿಸಿದರು. ಯಾಯ್ ಅದನ್ನು ಓದಿದವರಲ್ಲ. ಹಣ್ಣು ಮರುದಿನ ಬೆಳಗ್ಗೆ ಕಾಫಿಯ ಜೊತೆಗೆ ಮೇಜಿಗೆ ಬಂತು.