ಛತ್ರದವನ ಲೆಕ್ಕ

ಸಮುದಾಯ ಭವನದ ಸ್ಟೀಲ್ ತಟ್ಟೆಯಲ್ಲಿ ಅನ್ನ ತೀರುತ್ತಿದ್ದ ಹಾಗೆ ದಾನಿಯ ಹೆಸರು ಮೇಲೇಳುತ್ತದೆ, ಇಂಥವರ ಸ್ಮರಣಾರ್ಥ ಇಂಥವರು ಎಂದು. ಈ ಚಟಕ್ಕೆ ಜಾತಿ ಮತಗಳ ಭೇದವಿಲ್ಲ. ಚರ್ಚಿನ ಬೆಂಚಿನ ಬೆನ್ನಿನ ಮೇಲೂ ತೀರಿಹೋದ ಅಜ್ಜಿಗೆ ಒಂದು ಸಾಲು, ಬರೆಸಿದ ಮೊಮ್ಮಕ್ಕಳಿಗೆ ಮೂರು ಸಾಲು. ಕೊಟ್ಟವರು ಬರೆಸಿಕೊಂಡರೆ ನಮ್ಮ ಗಂಟೇನೂ ಹೋಗುವುದಿಲ್ಲ. ಕಿರಿಕಿರಿ ಇರುವುದು ತಟ್ಟೆ ತೊಳೆಯುವವಳ ವಿಷಯದಲ್ಲಿ. ಶಿಕಾರಿಪುರ ತಾಲ್ಲೂಕಿನ ಅಂಜನಾಪುರದಲ್ಲಿ ಕುಮುದ್ವತಿಯ ಜಲಾಶಯ ತುಂಬಿ ಕೋಡಿ ಬಿದ್ದರೆ ಸುತ್ತಲಿನವರು ನೋಡಲು ಹೋಗುತ್ತಾರೆ, ಮುಖಂಡರು ಬಾಗಿನ ಅರ್ಪಿಸುತ್ತಾರೆ, ಪೇಪರಿನಲ್ಲಿ ಫೋಟೊ ಬರುತ್ತದೆ. ಆಮೇಲೆ ನಾಲೆಯ ಅಂಚಿನಲ್ಲಿ ಓಡಾಡಿ ಗದ್ದೆಗದ್ದೆಗೆ ನೀರು ತಿರುಗಿಸುವ ನೀರುಗಂಟಿಯ ಫೋಟೊ ಯಾವ ಪೇಪರಿಗೂ ಬೇಕಿಲ್ಲ. ದಾನ ಧರ್ಮದ ಇತಿಹಾಸವನ್ನೂ ನಾವು ಹೀಗೇ ಬರೆದಿದ್ದೇವೆ: ಕೊಟ್ಟು ಹೋದವರದು ಒಂದು ಪುಟ, ನಿಂತು ಮಾಡಿದವರದು ಅಡಿಟಿಪ್ಪಣಿಯೂ ಇಲ್ಲ.

ಕ್ರೈಸ್ತ ಸೇವೆಯ ಮಾತು ಬಂದಾಗಲೆಲ್ಲ ಎತ್ತುವ ಸಮಾರ್ಯದವನ ಕತೆಯನ್ನೇ ನೋಡಿ. ಕಳ್ಳರ ಪೆಟ್ಟು ತಿಂದು ದಾರಿಯಲ್ಲಿ ಬಿದ್ದವನ ಗಾಯ ಕಟ್ಟಿ, ಛತ್ರಕ್ಕೆ ಒಯ್ದು, ಒಂದು ರಾತ್ರಿ ಆರೈಕೆ ಮಾಡಿ, ಮರುದಿನ ಛತ್ರದವನ ಕೈಗೆ ಎರಡು ನಾಣ್ಯ ಕೊಟ್ಟು ಅವನು ಹೊರಟುಬಿಡುತ್ತಾನೆ. ಹೆಚ್ಚು ಖರ್ಚಾದರೆ ಬರುವಾಗ ಕೊಡುತ್ತೇನೆ ಎನ್ನುತ್ತಾನೆ. ಬಂದನೋ ಇಲ್ಲವೋ, ಕತೆ ಹೇಳುವುದಿಲ್ಲ. ಲೋಕದ ಎಷ್ಟೋ ಆಸ್ಪತ್ರೆಗಳಿಗೆ ಅವನ ಹೆಸರಿದೆ. ಛತ್ರದವನ ಹೆಸರಿನ ಆಸ್ಪತ್ರೆಯನ್ನು ಕೇಳಿದವರುಂಟೆ? ಅವನಿಗೆ ದುಡ್ಡು ಸಿಕ್ಕಿತಲ್ಲ, ಅದು ವ್ಯಾಪಾರ ಎಂದು ತಕರಾರು ಬರಬಹುದು. ಆ ಎರಡು ನಾಣ್ಯ ಅಂದಿನ ಎರಡು ದಿನದ ಕೂಲಿ. ಅರೆಜೀವವಾಗಿ ಬಿದ್ದಿದ್ದವನ ಗಾಯ ಎರಡು ದಿನಕ್ಕೆ ಮಾಯುವುದಿಲ್ಲ. ಕೀವು ಒರೆಸಿ, ಗಂಜಿ ಕುಡಿಸಿ, ನಡುರಾತ್ರಿಯ ನರಳಾಟಕ್ಕೆ ಎದ್ದು ಬರುವ ಲೆಕ್ಕ ಆ ನಾಣ್ಯದಲ್ಲಿ ಸೇರಿರಲಿಲ್ಲ.

ಇದೇ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿ ಕೋಡಿಮಠವಿತ್ತು. ಅದಕ್ಕೆ ಸಂಬಂಧಿಸಿದ 1162ರ ಶಾಸನ, ಕ್ರೈಸ್ತ ಮಿಷನ್ನುಗಳ ಕನಸೂ ಇಲ್ಲದಿದ್ದ ಕಾಲದ್ದು, ಅಲ್ಲಿ ನಡೆಯುತ್ತಿದ್ದುದನ್ನು ಪಟ್ಟಿ ಮಾಡುತ್ತದೆ: ವೇದ ವ್ಯಾಕರಣಗಳ ಪಾಠ, ದೀನರಿಗೆ ಕುಂಟರಿಗೆ ಕುರುಡರಿಗೆ ಕಿವುಡರಿಗೆ ಅನ್ನ, ರೋಗಿಗಳಿಗೆ ಔಷಧ. ದತ್ತಿ ಕೊಟ್ಟ ಬಿಜ್ಜಳನ ಹೆಸರಿದೆ, ಮಠದ ಗುರು ವಾಮಶಕ್ತಿಯ ಹೆಸರಿದೆ. ಔಷಧ ಅರೆದವರು, ಕುರುಡರನ್ನು ಕೈಹಿಡಿದು ಪಂಕ್ತಿಗೆ ಕೂರಿಸಿದವರು ಕಲ್ಲಿಗೆ ಹತ್ತಲಿಲ್ಲ. ಹಾಗೆಂದು ಶಾಸನವನ್ನು ದೂರಿದರೆ ತಪ್ಪಾದೀತು. ದಾನಶಾಸನ ಬರೀ ಬಡಾಯಿಯಲ್ಲ, ಭೂಮಿಯ ಪತ್ರ. ಮುಂದಿನವನು ಕಿತ್ತುಕೊಳ್ಳದಿರಲಿ ಎಂದೇ ಇಂಥ ಕಲ್ಲುಗಳ ಕೊನೆಯಲ್ಲಿ ಕಪಿಲೆ ಕೊಂದ ಪಾಪದ ಶಾಪ ಹಾಕಿರುತ್ತಾರೆ. ಆಸ್ತಿಗೆ ಪತ್ರ ಬೇಕು, ಸರಿ. ಆರೈಕೆಗೆ ಪತ್ರ ಬೇಡವೆ? ಬೇಡ ಎಂದು ಭಾವಿಸಿದ್ದೇ ನಮ್ಮ ಪರಂಪರೆಯ ಸುಲಭದ ದಾರಿ, ಚರ್ಚಿನದೂ ಅದೇ.

ಮಂಗಳೂರಿನ ಕಂಕನಾಡಿಯಲ್ಲಿ 1880ರಲ್ಲಿ ಹೋಮಿಯೋಪಥಿ ಔಷಧ ಹಂಚತೊಡಗಿ, 1890ರಲ್ಲಿ ಕುಷ್ಠರೋಗಿಗಳಿಗೆ ಆಸರೆ ಕಟ್ಟಿದ ಫಾದರ್ ಮುಲ್ಲರ್ ಅವರ ಹೆಸರು ಕನ್ನಡ ನಾಡಿಗೆಲ್ಲ ಗೊತ್ತು, ಗೊತ್ತಿರಲೇಬೇಕು. ಅಲ್ಲಿ ಹುಣ್ಣು ತೊಳೆದು ಬಟ್ಟೆ ಕಟ್ಟಿದ ಕೈಗಳ ಮಾತೆತ್ತಿದರೆ ಮಾತ್ರ ಒಂದು ಭಕ್ತಿಪೂರ್ವಕ ಉತ್ತರ ಸಿದ್ಧವಿರುತ್ತದೆ: ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದಲ್ಲವೆ, ಅವರೇ ಹೆಸರು ಬೇಡವೆಂದರು. ಆದರೆ ಆ ಉಪದೇಶ ಕೊಡುವವನಿಗೆ ಹೇಳಿದ್ದೇ ಹೊರತು, ಮಾಡುವವರ ಬಾಯಿ ಕಟ್ಟಲು ಸಂಸ್ಥೆಗೆ ಕೊಟ್ಟ ಬೀಗವಲ್ಲ. ಇವೆರಡರ ನಡುವಿನ ಅಂತರ ಝಾನ್ ಜುಗಾನ್ ಎಂಬ ಫ್ರೆಂಚ್ ಹೆಂಗಸಿನ ಬಾಳಿನಲ್ಲಿ ಕಾಣುತ್ತದೆ. ಮನೆಗೆಲಸದಾಕೆಯಾಗಿ ದುಡಿದಿದ್ದ ಈಕೆ 1839ರ ಚಳಿಗಾಲದಲ್ಲಿ ಕಣ್ಣಿಲ್ಲದ ಮುದುಕಿಯೊಬ್ಬಳನ್ನು ಮನೆಗೆ ತಂದು, ತನ್ನ ಹಾಸಿಗೆ ಬಿಟ್ಟುಕೊಟ್ಟಳು. ಮುದುಕರು ಹೆಚ್ಚಿದಂತೆ ಬುಟ್ಟಿ ಹಿಡಿದು ಮನೆಮನೆ ಬೇಡಿದಳು. ಬಡವರ ಪುಟ್ಟ ಸಹೋದರಿಯರು ಎಂಬ ಸಂಘ ಬೆಳೆದದ್ದು ಹೀಗೆ. 1845ರಲ್ಲಿ ಫ್ರೆಂಚ್ ಅಕಾಡೆಮಿ ಬಹುಮಾನವನ್ನೂ ಕೊಟ್ಟಿತು. ಆದರೆ ಸಂಘದ ಮೇಲ್ವಿಚಾರಣೆಗಿದ್ದ ಪಾದ್ರಿ ಸ್ಥಾಪಕ ತಾನೇ ಎಂದುಕೊಂಡು ಈಕೆಯನ್ನು ಮೊದಲು ಹಿರಿತನದಿಂದ ಇಳಿಸಿದ, 1852ರಲ್ಲಿ ಹೊರಗಿನ ಕೆಲಸದಿಂದಲೂ ಬಿಡಿಸಿ ಮಠದೊಳಗೆ ಕೂರಿಸಿದ. ಇಪ್ಪತ್ತೇಳು ವರ್ಷ ಹಾಗೇ ಕಳೆದು 1879ರಲ್ಲಿ ಆಕೆ ತೀರಿಕೊಂಡಾಗ, ಜೊತೆಗಿದ್ದ ಎಳೆಯ ಸಿಸ್ಟರುಗಳಲ್ಲಿ ಎಷ್ಟೋ ಜನಕ್ಕೆ ಸಂಘ ಕಟ್ಟಿದವಳು ಇವಳೇ ಎಂಬುದು ತಿಳಿದಿರಲಿಲ್ಲ. ರೋಮ್ ಎಚ್ಚೆತ್ತು ಆ ಪಾದ್ರಿಯನ್ನು ಕೆಳಗಿಳಿಸಿದ್ದು 1890ರಲ್ಲಿ, ಈಕೆಯನ್ನು ಸಂತಳೆಂದು ಸಾರಿದ್ದು 2009ರಲ್ಲಿ. ಈಕೆ ಸುಮ್ಮನಿದ್ದದ್ದು ದೊಡ್ಡ ಗುಣ, ಒಪ್ಪೋಣ. ಸುಮ್ಮನಿರಿಸಿದ್ದನ್ನೂ ದೊಡ್ಡ ಗುಣವೆಂದು ಪ್ರಸಂಗ ಹೇಳಿದರೆ ಅದು ಕಳ್ಳತನಕ್ಕೆ ಆಶೀರ್ವಾದ. ಇದೇ ಸಂಘದ ಸಿಸ್ಟರುಗಳು 1900ರಿಂದ ಬೆಂಗಳೂರಿನ ಹೊಸೂರು ರಸ್ತೆಯಲ್ಲಿ ವೃದ್ಧಾಶ್ರಮ ನಡೆಸುತ್ತಿದ್ದಾರೆ. ಕಾಯಂ ಆದಾಯ ಇಟ್ಟುಕೊಳ್ಳದೆ, ಕೇಳಿ ತಂದದ್ದರಲ್ಲಿ ಮುದುಕರನ್ನು ಸಾಕುವುದು ಅವರ ಪದ್ಧತಿ. ದಾನಿಗಳ ಫಲಕ ಬರೆಸುವವರು ಅವರ ಜೊತೆ ಒಮ್ಮೆ ಮಾರ್ಕೆಟ್ಟಿಗೆ ಹೋಗಿ ಬುಟ್ಟಿ ಹಿಡಿದು ನಿಲ್ಲಲಿ, ಕೈ ಚಾಚುವುದರಲ್ಲೂ ಎಷ್ಟು ಔದಾರ್ಯ ಬೇಕೆಂದು ತಿಳಿಯುತ್ತದೆ.

ಇಷ್ಟೆಲ್ಲ ಮತ ಬೆಳೆಸುವ ಉಪಾಯ ತಾನೇ ಎಂಬ ಮಾತು ಉಳಿಯಿತು. ಮಿಷನ್ನುಗಳಿಗೆ ಆ ಉದ್ದೇಶವಿತ್ತು, ಅವು ಮುಚ್ಚಿಡಲೂ ಇಲ್ಲ. ಆದರೆ ಉದ್ದೇಶ ಇರುವುದು ಕೇಂದ್ರ ಕಚೇರಿಯ ವರದಿಯಲ್ಲಿ. ನಡುರಾತ್ರಿ ಪಾತ್ರೆ ಬದಲಿಸುವ ದಾದಿಗೆ ಎದುರಿಗಿರುವುದು ವಾಂತಿ ಮಾಡಿಕೊಂಡ ಒಬ್ಬ ಮನುಷ್ಯ, ಅಷ್ಟೆ. ವರದಿಯ ತಪ್ಪನ್ನು ಅವಳ ತಲೆಗೆ ಕಟ್ಟುವುದೂ, ಅವಳ ಪುಣ್ಯವನ್ನು ವರದಿಯ ಲೆಕ್ಕಕ್ಕೆ ಬರೆದುಕೊಳ್ಳುವುದೂ ಒಂದೇ ಜಾತಿಯ ಅನ್ಯಾಯ. ಶಿಕಾರಿಪುರ, ಸೊರಬಗಳನ್ನೂ ಒಳಗೊಂಡ ಶಿವಮೊಗ್ಗ ಧರ್ಮಪ್ರಾಂತ್ಯ 1988ರಲ್ಲಿ ಹುಟ್ಟಿತು. ಅಂಥ ಚದುರಿದ ಸೀಮೆಯಲ್ಲಿ ಧರ್ಮದ ಕೆಲಸ ನಡೆಯುವುದು ಬಿಷಪ್ಪರಿಗಿಂತ ಹೆಚ್ಚಾಗಿ ಉಪದೇಶಿಗಳಿಂದ, ಸಿಸ್ಟರುಗಳಿಂದ, ಅಡುಗೆಯವರಿಂದ. ಇವರಿಗೂ ಒಂದು ಫಲಕ ಹಾಕಿಸೋಣವೆಂದು ಯಾರಾದರೂ ಹೊರಟರೆ ದಯವಿಟ್ಟು ತಡೆಯಿರಿ. ತಿಂಗಳು ತಿಂಗಳು ಸರಿಯಾದ ಸಂಬಳ, ಮಂಡಿನೋವಿಗೆ ಔಷಧ, ಮುಪ್ಪಿಗೊಂದು ಕೋಣೆ ಕೊಡಲಿ.